ಪಟ್ಟಿ ಉರು ಹೊಡೆಯಬೇಡಿ, ಪದ ಒಡೆದು ನೋಡಿ



ಹತ್ತನೇ ತರಗತಿ ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ಬಹಳ ಜನರನ್ನು ಒಂದು ಪ್ರಶ್ನೆ ಕಾಡುತ್ತದೆ. "ವಿಜ್ಞಾನ ತಗೊಳ್ಳಬೇಕು ಅಂತ ಆಸೆ ಇದೆ, ಆದರೆ ಆ ಇಂಗ್ಲಿಷ್ ಪದಗಳು ತಲೆಗೆ ಹತ್ತುತ್ತವಾ?" ಮಂಜೇಶ್ವರದಲ್ಲಿರಲಿ, ತಾಳವಾಡಿಯಲ್ಲಿರಲಿ, ಅಕ್ಕಲಕೋಟೆಯಲ್ಲಿರಲಿ, ರಾಯದುರ್ಗದಲ್ಲಿರಲಿ, ಗಡಿಭಾಗದ ಕನ್ನಡ ಶಾಲೆಯ ಮಕ್ಕಳ ಪ್ರಶ್ನೆ ಇದೇ. ಎಷ್ಟೋ ಮಕ್ಕಳು ವಿಷಯ ಚೆನ್ನಾಗಿ ಗೊತ್ತಿದ್ದೂ ಪದಗಳಿಗೆ ಹೆದರಿ ವಿಜ್ಞಾನವನ್ನೇ ಬಿಟ್ಟುಬಿಡುತ್ತಾರೆ. ಇದು ನನಗೆ ಬಹಳ ಬೇಸರ ತರುವ ಸಂಗತಿ. ಅದಕ್ಕೇ ಈ ಬರಹ.

ಮೊದಲು ಒಂದು ವಾದವನ್ನು ನೋಡೋಣ. "ನೀಟ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದಲ್ಲ, ಇಂಗ್ಲಿಷ್ ಪದ ಯಾಕೆ ಬೇಕು?" ಎಂದು ಕೆಲವರು ಕೇಳುತ್ತಾರೆ. ನಿಜ, ನೀಟ್ 13 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಅದರಲ್ಲಿದೆ. ಆದರೆ ಗಡಿನಾಡಿನವರಾದ ನಾವು ಗಮನಿಸಬೇಕಾದ ಮೂರು ಮಾತುಗಳಿವೆ. ಒಂದು, ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ. ಕಾಸರಗೋಡಿನ ಹುಡುಗಿ ತನ್ನ ಊರಿನ ಕೇಂದ್ರ ಬರೆದುಕೊಟ್ಟರೆ ಅವಳಿಗೆ ಕನ್ನಡದ ಆಯ್ಕೆ ಇರುವುದಿಲ್ಲ, ಮಂಗಳೂರಿನಂಥ ಕೇಂದ್ರವನ್ನೇ ಆರಿಸಿಕೊಳ್ಳಬೇಕು. (ಅರ್ಜಿ ಹಾಕುವ ಮೊದಲು ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ತಪ್ಪದೆ ಓದಿ.) ಎರಡು, ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಮೂರು, ಸೀಟು ಸಿಕ್ಕಿ ಕಾಲೇಜಿಗೆ ಹೋದ ಮೇಲೆ ಪಾಠ, ಪುಸ್ತಕ ಎಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ. ಹಾಗಾಗಿ ಪದ ಕಲಿಯದೆ ಗತಿಯಿಲ್ಲ. ಹೇಗೆ ಕಲಿಯಬೇಕು ಅನ್ನುವುದಷ್ಟೇ ಪ್ರಶ್ನೆ.

ಪೇಟೆಯಲ್ಲಿ ಸಿಗುವ ಉಪಾಯ ಒಂದೇ: ದಪ್ಪ ಪುಸ್ತಕದಲ್ಲಿ ಸಾವಿರಗಟ್ಟಲೆ ಪದಗಳ ಪಟ್ಟಿ. ಎಡಕ್ಕೆ ಪದ, ಬಲಕ್ಕೆ ಅರ್ಥ, ದಿನಕ್ಕೆ ಐವತ್ತು ಉರು ಹೊಡೆಯಿರಿ ಎನ್ನುತ್ತಾರೆ. ಈ ಪದ್ಧತಿಗೆ ದೊಡ್ಡ ಹೆಸರು ಬಂದದ್ದು ಅಮೆರಿಕದ ಸ್ಯಾಟ್ ಪರೀಕ್ಷೆಯಿಂದ. ಅದು 1926ರಲ್ಲಿ ಶುರುವಾದ ಕಾಲೇಜು ಪ್ರವೇಶ ಪರೀಕ್ಷೆ. ಅದಕ್ಕೋಸ್ಕರ ಅಲ್ಲಿನ ಮಕ್ಕಳು ಯಾರೂ ಮಾತಾಡದ ಅಪರೂಪದ ಪದಗಳನ್ನು ಚೀಟಿಗಳಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ಆಮೇಲೆ ಏನಾಯ್ತು ಗೊತ್ತಾ? 2005ರಲ್ಲಿ ಪದಜೋಡಿಗಳ ಪ್ರಶ್ನೆಗಳನ್ನು ಕೈಬಿಟ್ಟರು. 2016ರಲ್ಲಿ ಅಪರೂಪದ ಪದ ಹುಡುಕಿ ವಾಕ್ಯ ತುಂಬುವ ಪ್ರಶ್ನೆಗಳನ್ನೂ ತೆಗೆದರು. ಬದಲಿಗೆ, ಓದುವ ಭಾಗದಲ್ಲಿ ಬರುವ ಪದಕ್ಕೆ ಅಲ್ಲಿ ಯಾವ ಅರ್ಥ ಅಂತ ಕೇಳತೊಡಗಿದರು. ಅವರೇ ಬಿಟ್ಟ ದಾರಿಯನ್ನು ನಾವು ಹಿಡಿಯುವುದು ಯಾಕೆ?

ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳ್ತೇನೆ. ಕನ್ನಡದಲ್ಲಿ ವಿಜ್ಞಾನ ಕಲಿತದ್ದು ನಿಮಗೆ ಅಡ್ಡಿಯಲ್ಲ. ಇಂಗ್ಲಿಷ್ ಪದ ಕಲಿಯಲು ಅದೇ ನಿಮ್ಮ ಏಣಿ.

ಒಂದು ಉದಾಹರಣೆ ನೋಡಿ. ಎಲೆ ಬೆಳಕಿನಲ್ಲಿ ಆಹಾರ ತಯಾರಿಸುವ ಕ್ರಿಯೆಗೆ ನಿಮ್ಮ ಪುಸ್ತಕದಲ್ಲಿ 'ದ್ಯುತಿಸಂಶ್ಲೇಷಣೆ' ಅಂತ ಇರಬಹುದು. ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಕೂಡಿಸಿ ಕಟ್ಟುವುದು. ಇಂಗ್ಲಿಷಿನ 'ಫೋಟೋಸಿಂಥೆಸಿಸ್' ಒಡೆಯಿರಿ: 'ಫೋಟೋ' ಬೆಳಕು, 'ಸಿಂಥೆಸಿಸ್' ಕೂಡಿಸಿ ಕಟ್ಟುವುದು. ಅಳತೆ ಹಿಡಿದು ಹೊಲಿದ ಹಾಗಿದೆ, ಅಲ್ವಾ? ಇನ್ನು ನಿಮ್ಮ ಅಕ್ಕಪಕ್ಕದ ಭಾಷೆಗಳನ್ನು ನೋಡಿ. ಮಲಯಾಳದಲ್ಲಿ 'ಪ್ರಕಾಶಸಂಶ್ಲೇಷಣಂ', ಮರಾಠಿಯಲ್ಲಿ 'ಪ್ರಕಾಶಸಂಶ್ಲೇಷಣ', ತೆಲುಗಿನಲ್ಲಿ 'ಕಿರಣಜನ್ಯ ಸಂಯೋಗಕ್ರಿಯ', ತಮಿಳಿನಲ್ಲಿ 'ಒಳಿಚ್ಚೇರ್ಕೈ'. ಒಳಿ ಅಂದರೆ ಬೆಳಕು, ಚೇರ್ಕೈ ಅಂದರೆ ಸೇರಿಸುವುದು. ಎಲ್ಲ ಭಾಷೆಗಳೂ ಬೆಳಕು ಮತ್ತು ಕೂಡುವಿಕೆ ಎಂಬ ಎರಡೇ ಇಟ್ಟಿಗೆ ಇಟ್ಟು ಪದ ಕಟ್ಟಿವೆ. ಗಡಿಯ ಮಕ್ಕಳಾದ ನಿಮಗೆ ಇವುಗಳಲ್ಲಿ ಎರಡಾದರೂ ಕಿವಿಗೆ ಬಿದ್ದಿರುತ್ತವೆ. ಇಂಗ್ಲಿಷ್ ಇನ್ನೊಂದು, ಅಷ್ಟೇ.

ಜೀವಶಾಸ್ತ್ರದಲ್ಲಿ ಇಂಥವು ರಾಶಿ ಸಿಗುತ್ತವೆ. ಜೇಡ, ಸಿಗಡಿ, ಜಿರಳೆಗಳ ಗುಂಪಿಗೆ ಕನ್ನಡದಲ್ಲಿ 'ಸಂಧಿಪದಿಗಳು' ಎನ್ನುತ್ತೇವೆ. ಇಂಗ್ಲಿಷಿನಲ್ಲಿ 'ಆರ್ಥ್ರೋಪೋಡಾ'. ಗ್ರೀಕಿನಲ್ಲಿ 'ಆರ್ಥ್ರಾನ್' ಅಂದರೆ ಸಂಧಿ, 'ಪೋಡ್' ಅಂದರೆ ಪಾದ. ಈಗ ಅಜ್ಜಿಯ ಮಂಡಿನೋವು ನೆನಪಿಸಿಕೊಳ್ಳಿ. ನಮ್ಮ 'ಸಂಧಿವಾತ'ಕ್ಕೆ ಡಾಕ್ಟರು 'ಆರ್ಥ್ರೈಟಿಸ್' ಅಂತಾರೆ. ಅದೇ ಸಂಧಿ! ಕೊನೆಯ 'ಐಟಿಸ್' ಅಂದರೆ ಉರಿಯೂತ. ಇನ್ನು 'ಹೆಪಟೈಟಿಸ್', 'ಗ್ಯಾಸ್ಟ್ರೈಟಿಸ್', 'ಡರ್ಮಟೈಟಿಸ್' ಬಂದರೆ ಹೆದರಬೇಕಿಲ್ಲ. ಯಕೃತ್ತು, ಜಠರ, ಚರ್ಮ ಇವುಗಳ ಉರಿಯೂತ, ಇಷ್ಟೇ. ಆ 'ಡರ್ಮ' ಗೊತ್ತಾದರೆ 'ಎಕೈನೋಡರ್ಮೇಟಾ' ಕೂಡ ಬಿಚ್ಚಿಕೊಳ್ಳುತ್ತದೆ: ಮುಳ್ಳಿನ ಚರ್ಮದವು. ಕನ್ನಡದಲ್ಲಿ ಏನು? 'ಕಂಟಕಚರ್ಮಿಗಳು'. ಎಲೆಯ ಹಸಿರಿಗೆ ನಾವು 'ಪತ್ರಹರಿತ್ತು' ಅಂತೇವೆ. 'ಕ್ಲೋರೋಫಿಲ್' ಅಂದರೂ ಹಸಿರು ಮತ್ತು ಎಲೆಯೇ.

ರಸಾಯನಶಾಸ್ತ್ರದಲ್ಲಿ 'ಲೈಸಿಸ್' ಅಂದರೆ ಬಿಡಿಸುವುದು, ಒಡೆಯುವುದು. 'ಎಲೆಕ್ಟ್ರಾಲಿಸಿಸ್' ವಿದ್ಯುತ್ತಿನಿಂದ ಒಡೆಯುವುದು, 'ಹೈಡ್ರಾಲಿಸಿಸ್' ನೀರಿನಿಂದ ಒಡೆಯುವುದು, 'ಗ್ಲೈಕಾಲಿಸಿಸ್' ಸಕ್ಕರೆಯನ್ನು ಒಡೆಯುವುದು. ಒಂದು ತುಣುಕು ಕಲಿತರೆ ಮೂರು ಪದ ಸಿಕ್ಕಿದವು.

ಅಂಕಿಗಳನ್ನಂತೂ ನೀವು ಆಗಲೇ ಕಲಿತಿದ್ದೀರಿ. ತ್ರಿ–'ಟ್ರೈ', ಪಂಚ–'ಪೆಂಟಾ', ಸಪ್ತ–'ಹೆಪ್ಟಾ', ಅಷ್ಟ–'ಆಕ್ಟಾ', ದಶ–'ಡೆಕಾ'. 'ಪೆಂಟೇನ್'ನಲ್ಲಿ ಐದು ಕಾರ್ಬನ್, 'ಆಕ್ಟೇನ್'ನಲ್ಲಿ ಎಂಟು, 'ಡೆಕೇನ್'ನಲ್ಲಿ ಹತ್ತು. ಈ ಹೋಲಿಕೆ ಆಕಸ್ಮಿಕ ಅಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕು ಎಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತದಲ್ಲಿ ಹೇಳಿದ. ಕನ್ನಡ ದ್ರಾವಿಡ ಭಾಷೆಯಾದರೂ ಸಂಸ್ಕೃತದಿಂದ ಬಹಳ ಪದ ಪಡೆದಿದೆ. ಆ ಸಾಲ ನಿಮಗೆ ಈಗ ಲಾಭಕ್ಕೆ ಬರುತ್ತದೆ.

ಆದರೆ ಒಂದು ಎಚ್ಚರಿಕೆ. ಪದ ಒಡೆದರೆ ಹೆಸರು ಹುಟ್ಟಿದ ಬಗೆ ತಿಳಿಯುತ್ತದೆ, ವಿಜ್ಞಾನದ ಸತ್ಯ ತಿಳಿಯುತ್ತದೆ ಅಂತಲ್ಲ. 'ಆಕ್ಸಿಜನ್' ಅಂದರೆ ಆಮ್ಲವನ್ನು ಹುಟ್ಟಿಸುವುದು, ಕನ್ನಡದಲ್ಲೂ 'ಆಮ್ಲಜನಕ'. ಎಲ್ಲ ಆಮ್ಲಗಳಲ್ಲೂ ಅದು ಇರುತ್ತದೆ ಎಂದು ಲವಾಸಿಯೆ ನಂಬಿದ್ದ. ಆದರೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ! 'ಮಲೇರಿಯಾ' ಅಂದರೆ ಕೆಟ್ಟ ಗಾಳಿ. ಅದು ಗಾಳಿಯಿಂದಲ್ಲ, ಸೊಳ್ಳೆಯಿಂದ ಎಂಬುದಕ್ಕೆ ಸುಳಿವು ಸಿಕ್ಕಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಪರಾವಲಂಬಿಯನ್ನು ಕಂಡಾಗ. ಹೆಸರು ಮಾತ್ರ ಹಳೆಯದೇ ಉಳಿಯಿತು. ಹಾಗಾಗಿ ಪದ ಒಡೆದ ಮೇಲೆ ಪಾಠವನ್ನೂ ಓದಿ.

ಇನ್ನೊಂದು ಮುಖ್ಯ ವಿಷಯ. ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಬರೀ ಉದ್ದುದ್ದ ಪದಗಳಲ್ಲಿ ಅಲ್ಲ. ಚಿಕ್ಕ ಪದಗಳೇ ಹೆಚ್ಚು ಮೋಸ ಮಾಡುತ್ತವೆ. 'ಎಕ್ಸೆಪ್ಟ್' ಅಂದರೆ ಹೊರತುಪಡಿಸಿ. 'ರೆಸ್ಪೆಕ್ಟಿವ್ಲಿ' ಅಂದರೆ ಅನುಕ್ರಮವಾಗಿ, ಅದಕ್ಕೂ ಗೌರವಕ್ಕೂ ಸಂಬಂಧವಿಲ್ಲ. 'ನೆಗ್ಲಿಜಿಬಲ್' ಅಂದರೆ ಲೆಕ್ಕಕ್ಕೆ ಹಿಡಿಯದಷ್ಟು ಕಡಿಮೆ. 'ಯೂನಿಫಾರ್ಮ್ ವೆಲಾಸಿಟಿ'ಯಲ್ಲಿ ಶಾಲೆಯ ಸಮವಸ್ತ್ರ ಇಲ್ಲ, ಅದು ಏಕರೂಪ ವೇಗ. ಭೌತಶಾಸ್ತ್ರದ ಲೆಕ್ಕದಲ್ಲಿ 'ಲೈಟ್ ಸ್ಟ್ರಿಂಗ್' ಬಂದರೆ ದೀಪದ ಸರ ಅಂದುಕೊಳ್ಳಬೇಡಿ, ದಾರದ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಅರ್ಥ. 'ಸ್ಮೂತ್' ಅಂದರೆ ಘರ್ಷಣೆ ಇಲ್ಲ. 2025ರ ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ ಇತ್ತು, ಪ್ರಶ್ನೆಗೆ ಒಂದೇ ನಿಮಿಷ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅಂದರೆ 'ಇನ್‌ಕರೆಕ್ಟ್' ಎಂಬುದನ್ನು 'ಕರೆಕ್ಟ್' ಅಂತ ಓದಿದರೆ ಗೊತ್ತಿದ್ದ ಪ್ರಶ್ನೆಯಲ್ಲೂ 5 ಅಂಕದ ವ್ಯತ್ಯಾಸ. ಪಟ್ಟಿ ಪುಸ್ತಕಗಳು ಈ ಚಿಕ್ಕ ಪದಗಳ ಕಡೆ ನೋಡುವುದೇ ಇಲ್ಲ.

ಒಂದೇ ಪದಕ್ಕೆ ಹಲವು ಅರ್ಥ ಇರುವುದು ಮತ್ತೊಂದು ತೊಡಕು. 'ಬೇಸ್' ಅಂದರೆ ರಸಾಯನಶಾಸ್ತ್ರದಲ್ಲಿ ಪ್ರತ್ಯಾಮ್ಲ, ತ್ರಿಭುಜದಲ್ಲಿ ಪಾದ. 'ಸೊಲ್ಯೂಷನ್' ಒಮ್ಮೆ ದ್ರಾವಣ, ಒಮ್ಮೆ ಸಮೀಕರಣದ ಪರಿಹಾರ. 'ಪವರ್' ಒಮ್ಮೆ ಸಾಮರ್ಥ್ಯ, ಒಮ್ಮೆ ಘಾತ. 'ಸೆಲ್' ಒಮ್ಮೆ ಜೀವಕೋಶ, ಒಮ್ಮೆ ವಿದ್ಯುತ್ಕೋಶ. ಇಂಗ್ಲಿಷಿನಲ್ಲೇ ಕಲಿತವರು ಇಲ್ಲಿ ಗೊಂದಲಪಡುವುದುಂಟು. ಕನ್ನಡದಲ್ಲಿ ಕಲಿತ ನಿಮಗೆ ಒಂದೊಂದಕ್ಕೂ ಬೇರೆ ಬೇರೆ ಪದ ಇದೆ. ಆ ಪದವನ್ನು ಮನಸ್ಸಿನಲ್ಲಿ ಪಕ್ಕಕ್ಕೆ ಇಟ್ಟುಕೊಂಡು ಓದಿದರೆ ಅರ್ಥ ತಪ್ಪುವುದಿಲ್ಲ.

ಹಾಗಾದರೆ ಮಾಡಬೇಕಾದ್ದು ಏನು? ಎಂಟನೇ ತರಗತಿಯಿಂದಲೇ ಒಂದು ನೋಟ್ ಪುಸ್ತಕ ಇಡಿ. ನಾಲ್ಕು ಕಾಲಂ ಎಳೆಯಿರಿ: ಕನ್ನಡ ಪದ, ಇಂಗ್ಲಿಷ್ ಪದ ಸ್ಪೆಲಿಂಗ್ ಸಹಿತ, ಅದನ್ನು ಒಡೆದ ತುಣುಕುಗಳು, ನೀವೇ ಬರೆದ ಒಂದು ವಾಕ್ಯ. ದಿನಕ್ಕೆ ಐದೇ ಪದ ಸಾಕು. ವರ್ಷದಲ್ಲಿ 200 ದಿನ ಬರೆದರೆ 1000 ಪದ ಆಯ್ತು. ಹತ್ತನೇ ತರಗತಿ ಮುಗಿಯುವಾಗ 3000. ಯಾವ ಗೈಡೂ ಬೇಡ.

ಬರೆದದ್ದು ಮರೆತು ಹೋಗುತ್ತದಲ್ಲ ಅಂತೀರಾ? ಮರೆವಿನ ಬಗ್ಗೆ ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ. ಕಲಿತದ್ದು ಮೊದಮೊದಲು ಬೇಗ ಬೇಗ ಮರೆಯುತ್ತದೆ, ಅಂತರ ಬಿಟ್ಟು ಮತ್ತೆ ಮತ್ತೆ ನೋಡಿದರೆ ಉಳಿಯುತ್ತದೆ ಎಂಬುದು ಅದರ ಸಾರ. ಇದನ್ನೇ ಆಧರಿಸಿದ ಸುಲಭ ಉಪಾಯವನ್ನು 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯಗೊಳಿಸಿದ. ನೀವು ಮೂರು ಖಾಲಿ ಡಬ್ಬಿ ತಗೊಳ್ಳಿ. ಹಳೆಯ ಮದುವೆ ಕಾಗದ ಕತ್ತರಿಸಿ ಚೀಟಿ ಮಾಡಿ, ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್ ಬರೆಯಿರಿ. ಮೊದಲ ಡಬ್ಬಿ ದಿನಾ ನೋಡಿ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಉತ್ತರ ಬಂದ ಚೀಟಿ ಮುಂದಿನ ಡಬ್ಬಿಗೆ, ಬಾರದ್ದು ಮತ್ತೆ ಮೊದಲನೆಯದಕ್ಕೆ. ಗೆಳೆಯರ ಜೊತೆ ಆಡಿದರೆ ಆಟವೂ ಆಗುತ್ತದೆ.

ಹನ್ನೊಂದನೇ ತರಗತಿಗೆ ಬಂದ ಮೇಲೆ ಹಳೆಯ ಪ್ರಶ್ನೆಪತ್ರಿಕೆ ಕೈಯಲ್ಲಿ ಹಿಡಿಯಿರಿ. ಉತ್ತರ ಬರೆಯುವ ಮೊದಲು ಒಂದು ಕೆಲಸ ಮಾಡಿ: ಗೊತ್ತಿಲ್ಲದ ಪದಗಳ ಕೆಳಗೆ ಗೆರೆ ಎಳೆಯಿರಿ. ವಿಜ್ಞಾನದ ಪದ ಎಷ್ಟು, ಮಾಮೂಲಿ ಇಂಗ್ಲಿಷ್ ಪದ ಎಷ್ಟು ಅಂತ ಎಣಿಸಿ. ನಿಮ್ಮ ಕೊರತೆ ಎಲ್ಲಿದೆ ಎಂದು ನಿಮಗೇ ಕಾಣುತ್ತದೆ. ಎನ್‌ಸಿಇಆರ್‌ಟಿ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಪಾಠವನ್ನು ಮೊದಲು ನಿಮ್ಮ ಕನ್ನಡ ಪುಸ್ತಕದಲ್ಲಿ ಓದಿ, ಮರುದಿನ ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಓದಿ. ವಿಷಯ ಗೊತ್ತಿರುವಾಗ ಪದ ತಾನಾಗಿ ಅರ್ಥ ಬಿಟ್ಟುಕೊಡುತ್ತದೆ.

"ಇಷ್ಟೆಲ್ಲ ಯಾಕೆ, ಐದನೇ ತರಗತಿಯಲ್ಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಮುಗೀತಲ್ಲ" ಎಂದು ಮನೆಯಲ್ಲಿ ಹೇಳಬಹುದು. ಅವರ ಆತಂಕ ಸುಳ್ಳಲ್ಲ, ಮಕ್ಕಳ ಭವಿಷ್ಯದ ಚಿಂತೆ ಅದು. ಅವರಿಗೆ ವಿನಯದಿಂದಲೇ ಹೇಳಿ: ಅರ್ಥವಾಗದ ಭಾಷೆಯಲ್ಲಿ ಪಾಠ ಕೇಳಿದರೆ ಪದವೂ ಇಲ್ಲ, ವಿಷಯವೂ ಇಲ್ಲ ಎಂದಾಗುವ ಅಪಾಯವಿದೆ. ವಿಷಯ ಕನ್ನಡದಲ್ಲಿ ಗಟ್ಟಿಯಾದರೆ ಆಮೇಲೆ ಕಲಿಯಬೇಕಾದ್ದು ಅದರ ಇನ್ನೊಂದು ಹೆಸರು ಮಾತ್ರ. ಆ ಹೆಸರು ಕಲಿಸುವ ಜವಾಬ್ದಾರಿ ಶಾಲೆಗಳ ಮೇಲೂ ಇದೆ. ಬೋರ್ಡಿನ ಮೇಲೆ ಕನ್ನಡ ಪದ ಬರೆದಾಗ ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಬರೆಯಬೇಕು. ನಿಮ್ಮ ತರಗತಿಯಲ್ಲಿ ಬರೆಯದಿದ್ದರೆ ಎದ್ದು ನಿಂತು ಕೇಳಿ: "ಸರ್, ಇದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ? ಟೀಚರ್, ಆ ಪದ ಒಡೆದರೆ ಏನು ಬರುತ್ತೆ?" ಯಾವ ಅಧ್ಯಾಪಕರೂ ಇಂಥ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಖುಷಿಯೇ ಪಡುತ್ತಾರೆ.

ಆದ್ದರಿಂದ ಪದಗಳಿಗೆ ಹೆದರಿ ವಿಜ್ಞಾನ ಬಿಡಬೇಡಿ. ನಾಳೆಯ ಪಾಠದಲ್ಲಿ ಬರುವ ಮೊದಲ ಐದು ಪದಗಳಿಂದಲೇ ಶುರು ಮಾಡಿ.