ವಿದೇಶದಲ್ಲಿ ತಾತ್ಕಾಲಿಕ ಉದ್ಯೋಗ ಮತ್ತು ತೆರಿಗೆ ಮರುಪಾವತಿ: ಬ್ರಿಟನ್‌ನಿಂದ ಮರಳುವ ಉದ್ಯೋಗಿಗಳ ಸ್ಥಿತಿಗತಿ – ಒಂದು ವಿಶ್ಲೇಷಣೆ

ಪೀಠಿಕೆ

ಬೆಂಗಳೂರು, ಮೈಸೂರು ಮುಂತಾದ ನಗರಗಳ ತಂತ್ರಾಂಶ ಸಂಸ್ಥೆಗಳಿಂದ ಕೆಲವು ತಿಂಗಳು ಅಥವಾ ಒಂದೆರಡು ವರ್ಷಗಳ ಅವಧಿಗೆ ಬ್ರಿಟನ್‌ಗೆ ನಿಯೋಜನೆಗೊಂಡು, ಕೆಲಸ ಮುಗಿದ ನಂತರ ತಾಯ್ನಾಡಿಗೆ ಮರಳುವ ಉದ್ಯೋಗಿಗಳಿದ್ದಾರೆ. ಇವರ ವೇತನದಿಂದ ಪ್ರತಿ ತಿಂಗಳೂ ಅಲ್ಲಿನ ಸರ್ಕಾರಕ್ಕೆ ತೆರಿಗೆ ಕಡಿತವಾಗಿರುತ್ತದೆ. ವರ್ಷದ ನಡುವೆ ಕೆಲಸ ಬಿಟ್ಟು ಬಂದವರ ವಿಷಯದಲ್ಲಿ ಈ ಕಡಿತವು ನಿಜವಾಗಿ ಸಲ್ಲಬೇಕಾದ ತೆರಿಗೆಗಿಂತ ಬಹುತೇಕ ಹೆಚ್ಚಾಗಿಯೇ ಇರುತ್ತದೆ. ಹೆಚ್ಚುವರಿ ಹಣವನ್ನು ಮರಳಿ ಪಡೆಯುವುದು ಉದ್ಯೋಗಿಯ ಹಕ್ಕು. ಆದರೆ ಈ ಹಕ್ಕಿಗೆ ಕಾಲಮಿತಿ ಇದೆ, ದಾಖಲೆಗಳ ಅಗತ್ಯವಿದೆ; ಕೋರಿಕೆ ಸಲ್ಲಿಸದವರಿಗೆ ಅದು ಕೈತಪ್ಪುವ ಸಂಭವವೇ ಹೆಚ್ಚು.

2025ರಲ್ಲಿ ನಡೆದ ಎರಡು ಬೆಳವಣಿಗೆಗಳಿಂದಾಗಿ ಈ ವಿಷಯವು ಪುನಃ ಮಹತ್ವ ಪಡೆದಿದೆ. ಭಾರತ ಮತ್ತು ಬ್ರಿಟನ್ ನಡುವಣ ಸಮಗ್ರ ಆರ್ಥಿಕ ಹಾಗೂ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿಯಾಯಿತು. ಅದರೊಡನೆ ಸಾಮಾಜಿಕ ಭದ್ರತಾ ವಂತಿಗೆಯ ಎರಡು ಬಾರಿ ಕಡಿತವನ್ನು ತಪ್ಪಿಸುವ ಪ್ರತ್ಯೇಕ ಒಪ್ಪಂದದ ವಿಷಯವೂ ಮುಂದೆ ಬಂದಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಆದಾಯ ತೆರಿಗೆ ಕಾಯ್ದೆ, 2025 ಅನ್ನು 2026ರ ಏಪ್ರಿಲ್ 1ರಿಂದ ಜಾರಿಗೊಳಿಸಲು ನಿಗದಿಪಡಿಸಲಾಯಿತು. ಇವುಗಳ ಹಿನ್ನೆಲೆಯಲ್ಲಿ, ವೇತನ ಚೀಟಿಯಲ್ಲಿ ಕಾಣುವ ಕಡಿತಗಳಲ್ಲಿ ಯಾವುದು ಮರಳಿ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಒಂದು ಕಡಿತ, ಮೂರು ಬಗೆಯ ಹಣ

ಸಾಮಾನ್ಯವಾಗಿ ಉದ್ಯೋಗಿಗಳು ವಿದೇಶದಲ್ಲಿ ಕಡಿತವಾದ ಸಮಸ್ತ ಮೊತ್ತವನ್ನು ‘ತೆರಿಗೆ’ ಎಂದೇ ಭಾವಿಸುತ್ತಾರೆ. ವಾಸ್ತವದಲ್ಲಿ ಅದರಲ್ಲಿ ಮೂರು ಬಗೆಯ ಹಣ ಸೇರಿರುತ್ತದೆ. ಮೊದಲನೆಯದು, ಕಾನೂನಿನ ಪ್ರಕಾರ ಸಲ್ಲಲೇಬೇಕಾದ ಆದಾಯ ತೆರಿಗೆ. ಇದು ಮರಳಿ ಬರುವುದಿಲ್ಲ. ಆದರೆ ಅದೇ ಆದಾಯದ ಮೇಲೆ ಭಾರತದಲ್ಲಿಯೂ ತೆರಿಗೆ ಸಲ್ಲಬೇಕಾದಲ್ಲಿ, ಅಲ್ಲಿ ಪಾವತಿಸಿದ್ದಕ್ಕೆ ಇಲ್ಲಿ ಜಮೆ ದೊರೆಯುತ್ತದೆ. ಎರಡನೆಯದು, ಕಡಿತ ಪದ್ಧತಿಯ ಸ್ವರೂಪದಿಂದಾಗಿ ಅಧಿಕವಾಗಿ ವಸೂಲಾದ ತೆರಿಗೆ. ಕೋರಿಕೆ ಸಲ್ಲಿಸಿದಲ್ಲಿ ಇದನ್ನು ಹಿಂದಿರುಗಿಸಲಾಗುತ್ತದೆ. ಮೂರನೆಯದು, ಪಿಂಚಣಿ ಮೊದಲಾದ ಸೌಲಭ್ಯಗಳಿಗಾಗಿ ಪಡೆಯುವ ಸಾಮಾಜಿಕ ಭದ್ರತಾ ವಂತಿಗೆ. ಇದಕ್ಕೆ ತೆರಿಗೆಯ ನಿಯಮಗಳು ಅನ್ವಯಿಸುವುದಿಲ್ಲ. ಈ ಮೂರನ್ನೂ ಬೇರ್ಪಡಿಸಿ ನೋಡದೆ ಸಲ್ಲಿಸಿದ ಕೋರಿಕೆಗಳು ತಿರಸ್ಕೃತವಾಗುವ ಅಥವಾ ಅಪೂರ್ಣವಾಗುವ ಸಾಧ್ಯತೆ ಹೆಚ್ಚು.

ಅಧಿಕ ಕಡಿತ ಉಂಟಾಗುವ ಬಗೆ

ಬ್ರಿಟನ್ನಿನ ತೆರಿಗೆ ವರ್ಷವು ಏಪ್ರಿಲ್ 6ರಂದು ಆರಂಭವಾಗಿ ಮುಂದಿನ ಏಪ್ರಿಲ್ 5ರಂದು ಮುಗಿಯುತ್ತದೆ. ಅಲ್ಲಿ ವ್ಯಕ್ತಿಯೊಬ್ಬರ ವಾರ್ಷಿಕ ಆದಾಯದಲ್ಲಿ 12,570 ಪೌಂಡ್‌ವರೆಗೆ ತೆರಿಗೆ ಇರುವುದಿಲ್ಲ. 2021–22ರಿಂದ ಈ ಮಿತಿ ಏರಿಲ್ಲ. ಮಾಲೀಕರು ವೇತನ ನೀಡುವಾಗಲೇ ತೆರಿಗೆ ಕಡಿತ ಮಾಡುವ ಪದ್ಧತಿಯಲ್ಲಿ ಈ ವಿನಾಯಿತಿಯನ್ನು ಹನ್ನೆರಡು ಸಮಭಾಗಗಳಾಗಿ, ಅಂದರೆ ತಿಂಗಳಿಗೆ 1,047.50 ಪೌಂಡ್‌ನಂತೆ ಹಂಚಲಾಗುತ್ತದೆ. ಉದ್ಯೋಗಿಯು ವರ್ಷಪೂರ್ತಿ ದುಡಿಯುವನೆಂಬುದೇ ಈ ಲೆಕ್ಕದ ಆಧಾರ. ನಡುವೆಯೇ ದೇಶ ಬಿಟ್ಟವನ ಪಾಲಿನ ಉಳಿದ ತಿಂಗಳುಗಳ ವಿನಾಯಿತಿ ಬಳಕೆಯಾಗದೆ ಉಳಿಯುತ್ತದೆ.

ಉದಾಹರಣೆಗೆ, 2025ರ ಜನವರಿಯಲ್ಲಿ ಇಂಗ್ಲೆಂಡಿಗೆ ತೆರಳಿ, ಅದೇ ವರ್ಷದ ನವೆಂಬರ್ 5ರಂದು ಕೆಲಸ ಮುಗಿಸಿ ಬೆಂಗಳೂರಿಗೆ ಮರಳಿದ ಎಂಜಿನಿಯರೊಬ್ಬರ ಲೆಕ್ಕವನ್ನು ಗಮನಿಸಬಹುದು. ಅವರ ಮಾಸಿಕ ವೇತನ 3,500 ಪೌಂಡ್ ಎಂದಿರಲಿ. 2025–26ರ ತೆರಿಗೆ ವರ್ಷದಲ್ಲಿ ಅವರು ಏಳು ತಿಂಗಳ ವೇತನವಾಗಿ 24,500 ಪೌಂಡ್ ಪಡೆದಿರುತ್ತಾರೆ. ತಿಂಗಳ ವಿನಾಯಿತಿ ಕಳೆದು ಶೇ. 20ರಂತೆ ಅವರಿಂದ ಕಡಿತವಾದ ತೆರಿಗೆ 3,433.50 ಪೌಂಡ್. ಆದರೆ ಇಡೀ ವರ್ಷದ ವಿನಾಯಿತಿಯನ್ನು ಕಳೆದರೆ ತೆರಿಗೆಗೆ ಒಳಪಡುವ ಆದಾಯ 11,930 ಪೌಂಡ್ ಮಾತ್ರ. ಸಲ್ಲಬೇಕಾದ ತೆರಿಗೆ 2,386 ಪೌಂಡ್. ವ್ಯತ್ಯಾಸವಾದ 1,047.50 ಪೌಂಡ್ ಆ ಉದ್ಯೋಗಿಗೆ ಸೇರಬೇಕಾದ ಹಣ.

ಈ ಲೆಕ್ಕಕ್ಕೆ ಕೆಲವು ಷರತ್ತುಗಳಿವೆ. ಸದರಿ ಉದ್ಯೋಗಿಯು ಆ ತೆರಿಗೆ ವರ್ಷದಲ್ಲಿ 183 ದಿನಗಳಿಗಿಂತ ಹೆಚ್ಚು ಕಾಲ ಬ್ರಿಟನ್‌ನಲ್ಲಿದ್ದುದರಿಂದ ಅಲ್ಲಿನ ನಿವಾಸಿ ಎನಿಸುತ್ತಾರೆ. ಮರಳಿದ ನಂತರ ಭಾರತದಲ್ಲಿ ಗಳಿಸಿದ ವೇತನವನ್ನು ಬ್ರಿಟನ್ನಿನ ಲೆಕ್ಕದಿಂದ ಹೊರಗಿಡುವ ‘ವರ್ಷ ವಿಭಜನೆ’ಯ ನಿಯಮ ಅವರಿಗೆ ಅನ್ವಯವಾಗಬೇಕು, ಅಲ್ಲಿ ಬೇರೆ ಆದಾಯ ಇರಬಾರದು. ಕೆಲವೇ ವಾರಗಳಿದ್ದು ಮರಳಿದವರ ನಿವಾಸ ಸ್ಥಿತಿಯನ್ನು ಬೇರೆ ಪರೀಕ್ಷೆಗಳಿಂದ ನಿರ್ಣಯಿಸಬೇಕಾಗುತ್ತದೆ.

ಇದಲ್ಲದೆ, ಹೊಸದಾಗಿ ಬಂದ ಉದ್ಯೋಗಿಯ ವಿವರಗಳು ಸಕಾಲಕ್ಕೆ ದೊರೆಯದಿದ್ದಾಗ ತಾತ್ಕಾಲಿಕ ತೆರಿಗೆ ಸಂಕೇತವನ್ನು ನೀಡಲಾಗುತ್ತದೆ. ವೇತನ ಚೀಟಿಯಲ್ಲಿ ‘ಬಿ.ಆರ್.’ ಎಂಬ ಸಂಕೇತವಿದ್ದರೆ ಯಾವ ವಿನಾಯಿತಿಯೂ ಇಲ್ಲದೆ ಮೊದಲ ಪೌಂಡಿನಿಂದಲೇ ಶೇ. 20 ಕಡಿತವಾಗುತ್ತಿದೆ ಎಂದರ್ಥ. ಒಂದೇ ಉದ್ಯೋಗವಿದ್ದವರು ಇದನ್ನು ಅಲ್ಲಿರುವಾಗಲೇ ಸರಿಪಡಿಸಿಕೊಳ್ಳುವುದು ಸೂಕ್ತ.

ಕೋರಿಕೆ ಸಲ್ಲಿಸುವ ವಿಧಾನ

ಕೆಲಸ ಬಿಡುವಾಗ ಮಾಲೀಕರು ‘ಪಿ-45’ ಎಂಬ ನಮೂನೆಯನ್ನು ನೀಡಬೇಕಾಗಿರುತ್ತದೆ. ಅದರಲ್ಲಿ ಆ ವರ್ಷದ ಒಟ್ಟು ವೇತನ ಹಾಗೂ ಕಡಿತವಾದ ತೆರಿಗೆಯ ವಿವರವಿರುತ್ತದೆ. ದೇಶ ಬಿಡುತ್ತಿರುವ ಅಥವಾ ಬಿಟ್ಟಿರುವ ಉದ್ಯೋಗಿಯು ‘ಪಿ-85’ ನಮೂನೆಯನ್ನು ಭರ್ತಿ ಮಾಡಿ, ಪಿ-45ರ ಸಂಬಂಧಪಟ್ಟ ಭಾಗಗಳೊಂದಿಗೆ ಬ್ರಿಟನ್ನಿನ ಕಂದಾಯ ಮತ್ತು ಸುಂಕ ಇಲಾಖೆಗೆ ಸಲ್ಲಿಸತಕ್ಕದ್ದು. ಸ್ವತಃ ವಾರ್ಷಿಕ ವಿವರಣ ಪತ್ರ ಸಲ್ಲಿಸಬೇಕಾದವರಿಗೆ ಈ ನಮೂನೆ ಅನ್ವಯಿಸುವುದಿಲ್ಲ. ಅವರು ಆ ಪತ್ರದ ಮೂಲಕವೇ ಮರುಪಾವತಿ ಕೋರಬೇಕು.

ವರ್ಷಾಂತ್ಯದ ನಂತರ ಸದರಿ ಇಲಾಖೆಯು ತಾನಾಗಿ ಲೆಕ್ಕ ತಾಳೆ ನೋಡುವ ಕ್ರಮವೂ ಇದೆ. ಆದರೆ ಅದರ ಪತ್ರ ತಲಪುವುದು ದಾಖಲೆಯಲ್ಲಿರುವ ವಿಳಾಸಕ್ಕೆ, ಅಂದರೆ ಉದ್ಯೋಗಿಯು ಆಗಲೇ ತೆರವು ಮಾಡಿ ಬಂದ ಬಾಡಿಗೆ ಮನೆಗೆ. ಆದ್ದರಿಂದ ಹೊಸ ವಿಳಾಸವನ್ನು ತಿಳಿಸುವುದು ಕೋರಿಕೆಯಷ್ಟೇ ಮುಖ್ಯ. ಅಲ್ಲಿನ ಬ್ಯಾಂಕ್ ಖಾತೆಯನ್ನು ಅವಸರದಲ್ಲಿ ಮುಚ್ಚಿ ಬಂದವರಿಗೆ ಹಣ ಸ್ವೀಕರಿಸುವುದೇ ತೊಡಕಾಗುತ್ತದೆ.

ತೆರಿಗೆ ವರ್ಷ ಮುಗಿದ ದಿನದಿಂದ ನಾಲ್ಕು ವರ್ಷಗಳೊಳಗೆ ಕೋರಿಕೆ ಸಲ್ಲಿಸಬೇಕು. 2025–26ನೇ ಸಾಲಿಗೆ ಈ ಅವಧಿ 2030ರ ಏಪ್ರಿಲ್ 5ರವರೆಗೆ ಇರುತ್ತದೆ. ಅವಧಿ ಮೀರಿದ ನಂತರ ಹಣ ಸಲ್ಲಬೇಕಾದದ್ದೇ ಆಗಿದ್ದರೂ ಸಾಮಾನ್ಯವಾಗಿ ಪಡೆಯಲು ಬರುವುದಿಲ್ಲ.

ಸಾಮಾಜಿಕ ಭದ್ರತಾ ವಂತಿಗೆಯ ಪ್ರಶ್ನೆ

ಬ್ರಿಟನ್‌ನಲ್ಲಿ ಈ ವಂತಿಗೆಯನ್ನು ‘ನ್ಯಾಷನಲ್ ಇನ್ಶೂರೆನ್ಸ್’ ಎನ್ನಲಾಗುತ್ತದೆ. 2024ರ ಏಪ್ರಿಲ್‌ನಿಂದ ಉದ್ಯೋಗಿಯ ಪಾಲಿನ ಮುಖ್ಯ ದರ ಶೇ. 8. ಇದನ್ನು ವರ್ಷದ ಲೆಕ್ಕದಲ್ಲಲ್ಲದೆ ಆಯಾ ವೇತನಾವಧಿಯ ಲೆಕ್ಕದಲ್ಲಿಯೇ ವಿಧಿಸುವುದರಿಂದ, ಬೇಗ ಮರಳಿದರೆಂಬ ಕಾರಣಕ್ಕೆ ಏನೂ ಹಿಂದಿರುಗುವುದಿಲ್ಲ. ಅಲ್ಲಿನ ಸರ್ಕಾರಿ ಪಿಂಚಣಿ ಪಡೆಯಲು ಸಾಮಾನ್ಯವಾಗಿ ಕನಿಷ್ಠ ಹತ್ತು ಅರ್ಹ ವರ್ಷಗಳು ಬೇಕು. ಒಂದೆರಡು ವರ್ಷ ದುಡಿದು ಬಂದವರಿಗೆ ಈ ವಂತಿಗೆಯಿಂದ ಪಿಂಚಣಿಯೂ ಇಲ್ಲ, ಹಣವೂ ಇಲ್ಲ ಎಂಬ ಸ್ಥಿತಿ ಒದಗುತ್ತದೆ. ಈ ದೂರು ಎರಡು ಸರ್ಕಾರಗಳ ಮಾತುಕತೆಯಲ್ಲಿ ಬಹುಕಾಲದಿಂದ ಇದ್ದುದೇ ಆಗಿದೆ.

ಆದರೂ ಒಂದು ರಕ್ಷಣೆ ಮೊದಲಿನಿಂದಲೂ ಇದೆ. ಇಂಥ ಒಪ್ಪಂದವಿಲ್ಲದ ದೇಶದ ಮಾಲೀಕರು ತಾತ್ಕಾಲಿಕವಾಗಿ ಕಳುಹಿಸಿದ ಉದ್ಯೋಗಿಗೆ, ನಿಗದಿತ ಷರತ್ತುಗಳಿಗೆ ಒಳಪಟ್ಟು, ಮೊದಲ 52 ವಾರ ಈ ವಂತಿಗೆ ಅನ್ವಯಿಸುವುದಿಲ್ಲ. ಮೇಲಿನ ಉದಾಹರಣೆಯ ಎಂಜಿನಿಯರನ್ನು ಬೆಂಗಳೂರಿನ ಸಂಸ್ಥೆಯೇ ಕಳುಹಿಸಿದ್ದಲ್ಲಿ, ಅವರ ವಾಸ್ತವ್ಯವೆಲ್ಲ 52 ವಾರಗಳೊಳಗೇ ಮುಗಿದಿದೆ. ಆದರೂ ವಂತಿಗೆ ಕಡಿತವಾಗಿದ್ದಲ್ಲಿ ತಿಂಗಳಿಗೆ ಸುಮಾರು 196 ಪೌಂಡ್‌ನಂತೆ ಏಳು ತಿಂಗಳಿಗೆ 1,370 ಪೌಂಡ್‌ಗೂ ಹೆಚ್ಚಾಗುತ್ತದೆ. ಇದು ಆದಾಯ ತೆರಿಗೆಯ ಮರುಪಾವತಿಗಿಂತಲೂ ದೊಡ್ಡ ಮೊತ್ತ. ತಪ್ಪಾಗಿ ಕಡಿತವಾದ ಇಂಥ ವಂತಿಗೆಯನ್ನು ಪ್ರತ್ಯೇಕವಾಗಿ ಕೋರಿ ಹಿಂಪಡೆಯಲು ಅವಕಾಶವಿದೆ. ಬ್ರಿಟನ್ನಿನ ಸಂಸ್ಥೆಯಲ್ಲಿಯೇ ನೇರವಾಗಿ ನೇಮಕಗೊಂಡವರಿಗೆ ಈ ರಿಯಾಯಿತಿ ಇಲ್ಲ.

2025ರ ಮೇ 6ರಂದು ವ್ಯಾಪಾರ ಮಾತುಕತೆ ಪೂರ್ಣಗೊಂಡುದನ್ನು ಪ್ರಕಟಿಸುವಾಗ, ತಾತ್ಕಾಲಿಕ ನಿಯೋಜನೆಯ ಮೇಲೆ ಹೋದವರಿಗೆ ಮೂರು ವರ್ಷಗಳವರೆಗೆ ಒಂದೇ ದೇಶದಲ್ಲಿ ವಂತಿಗೆ ಸಲ್ಲಿಸುವ ವ್ಯವಸ್ಥೆಯನ್ನು ಘೋಷಿಸಲಾಯಿತು. ಇಂಥ ಒಪ್ಪಂದಗಳ ಲಾಭ ದೊರೆಯುವುದು ಅವು ಜಾರಿಗೆ ಬಂದ ದಿನದಿಂದಲೇ ಹೊರತು ಘೋಷಣೆಯ ಅಥವಾ ಸಹಿಯ ದಿನದಿಂದಲ್ಲ. ಈಗಾಗಲೇ ಒಪ್ಪಂದ ಜಾರಿಯಲ್ಲಿರುವ ಬೆಲ್ಜಿಯಂ, ಜರ್ಮನಿ, ಜಪಾನ್ ಮೊದಲಾದ ದೇಶಗಳ ವಿಷಯದಲ್ಲಿ ಭಾರತದ ನೌಕರರ ಭವಿಷ್ಯ ನಿಧಿ ಸಂಘಟನೆಯು ನೀಡುವ ವ್ಯಾಪ್ತಿ ಪ್ರಮಾಣಪತ್ರವನ್ನು ಹಾಜರುಪಡಿಸಿದಲ್ಲಿ ಅಲ್ಲಿ ಕಡಿತವಾಗುವುದಿಲ್ಲ. ಕಡಿತವಾದ ಮೇಲೆ ಹಿಂಪಡೆಯುವುದಕ್ಕಿಂತ ಕಡಿತವೇ ಆಗದಂತೆ ಈ ಪ್ರಮಾಣಪತ್ರ ಪಡೆದು ಹೊರಡುವುದು ಸುಲಭ.

ಇತರ ದೇಶಗಳೊಂದಿಗೆ ಹೋಲಿಕೆ

ಅಮೆರಿಕದೊಡನೆ ಭಾರತಕ್ಕೆ ಇಂಥ ಸಾಮಾಜಿಕ ಭದ್ರತಾ ಒಪ್ಪಂದವಿಲ್ಲ. ಎಚ್-1ಬಿ ವೀಸಾದ ಮೇಲೆ ದುಡಿಯುವವರ ವೇತನದಿಂದ ಸಾಮಾಜಿಕ ಭದ್ರತೆ ಹಾಗೂ ಮೆಡಿಕೇರ್ ಹೆಸರಿನಲ್ಲಿ ಶೇ. 7.65 ಕಡಿತವಾಗುತ್ತದೆ; ಮರಳಿ ಬಂದರೆಂದು ಅದು ಹಿಂದಿರುಗುವುದಿಲ್ಲ. ಆದರೆ ಅನಿವಾಸಿ ಸ್ಥಿತಿಯಲ್ಲಿರುವ ಎಫ್-1 ವಿದ್ಯಾರ್ಥಿಗಳಿಗೆ, ಅನುಮತಿಸಿದ ಉದ್ಯೋಗದ ಮಟ್ಟಿಗೆ, ಈ ಕಡಿತದಿಂದ ವಿನಾಯಿತಿ ಇದೆ. ತಪ್ಪಾಗಿ ಕಡಿತವಾಗಿದ್ದಲ್ಲಿ ಮೊದಲು ಮಾಲೀಕರನ್ನು, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ‘843’ ನಮೂನೆಯ ಮೂಲಕ ಅಲ್ಲಿನ ತೆರಿಗೆ ಇಲಾಖೆಯನ್ನು ಕೋರಬಹುದು.

ಆಸ್ಟ್ರೇಲಿಯದಲ್ಲಿ ಮಾಲೀಕರು ವೇತನದ ಜೊತೆಗೆ ನಿವೃತ್ತಿ ನಿಧಿಗೆ ಹಣ ಜಮೆ ಮಾಡುತ್ತಾರೆ; 2025ರ ಜುಲೈ 1ರಿಂದ ಇದರ ದರ ಶೇ. 12. ತಾತ್ಕಾಲಿಕ ವೀಸಾ ಹೊಂದಿದ್ದವರು ದೇಶ ಬಿಟ್ಟು, ವೀಸಾ ಕೊನೆಗೊಂಡ ಮೇಲೆ ಈ ಹಣವನ್ನು ಪಡೆಯಬಹುದು. ಸಾಮಾನ್ಯವಾಗಿ ಅದರ ಮೇಲೆ ಶೇ. 35 ತೆರಿಗೆ ಹಿಡಿಯಲಾಗುತ್ತದೆ. ‘ವರ್ಕಿಂಗ್ ಹಾಲಿಡೇ’ ವರ್ಗದ ವೀಸಾದವರಿಗೆ ಈ ದರ ಶೇ. 65. ಜಪಾನಿನಲ್ಲಿ ಪಿಂಚಣಿ ವಂತಿಗೆಯ ಒಂದು ಭಾಗವನ್ನು ಮರಳಿದ ಎರಡು ವರ್ಷಗಳೊಳಗೆ ಒಟ್ಟು ಮೊತ್ತವಾಗಿ ಕೋರಬಹುದು. ಆದರೆ ಹಾಗೆ ಪಡೆದಲ್ಲಿ ಆ ಅವಧಿಯ ಸೇವೆಯು ಮುಂದೆ ಪಿಂಚಣಿಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಯೋಚಿಸಿ ನಿರ್ಧರಿಸುವುದು ಅಗತ್ಯ.

ಭಾರತದಲ್ಲಿನ ಹೊಣೆಗಾರಿಕೆ

ಭಾರತದಲ್ಲಿ 182 ದಿನ ಇಲ್ಲದಿದ್ದಲ್ಲಿ ಆ ವರ್ಷ ಇಲ್ಲಿ ವಿದೇಶಿ ಆದಾಯದ ಪ್ರಶ್ನೆಯೇ ಇಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಎಲ್ಲರ ವಿಷಯದಲ್ಲಿಯೂ ಸರಿಯಲ್ಲ. ಉದ್ಯೋಗಕ್ಕಾಗಿ ದೇಶ ಬಿಟ್ಟ ವರ್ಷದಲ್ಲಿ 182 ದಿನಗಳ ಮಿತಿ ಅನ್ವಯಿಸುತ್ತದೆ. ಶಾಶ್ವತವಾಗಿ ಮರಳಿದ ವರ್ಷದಲ್ಲಾದರೋ, ಇಲ್ಲಿ 60 ದಿನ ಇದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದವರೂ ನಿವಾಸಿಯೇ ಆಗುತ್ತಾರೆ. ಉದಾಹರಣೆಯ ಎಂಜಿನಿಯರು ನವೆಂಬರಿನಿಂದ ಮಾರ್ಚ್‌ವರೆಗೆ ಐದು ತಿಂಗಳಿಗೂ ಕಡಿಮೆ ಅವಧಿ ಇಲ್ಲಿದ್ದರೂ 2025–26ರಲ್ಲಿ ನಿವಾಸಿ ಎನಿಸುವುದರಿಂದ, ಅವರ ಬ್ರಿಟನ್ ವೇತನವೂ ಇಲ್ಲಿನ ವಿವರಣ ಪತ್ರದಲ್ಲಿ ಸೇರಬೇಕಾಗುತ್ತದೆ. ಎರಡೂ ದೇಶಗಳಲ್ಲಿ ನಿವಾಸಿ ಎನಿಸಿದಾಗ 1993ರ ಭಾರತ–ಬ್ರಿಟನ್ ದ್ವಿತೆರಿಗೆ ನಿವಾರಣಾ ಒಪ್ಪಂದದ ನಿಯಮಗಳನ್ನು ನೋಡಬೇಕು.

ಮರುಪಾವತಿಯ ವಿಷಯ ಇಲ್ಲಿ ನಿರ್ಣಾಯಕವಾಗುತ್ತದೆ. ಭಾರತದಲ್ಲಿ ಜಮೆ ದೊರೆಯುವುದು ವಿದೇಶದ ಕಾನೂನಿನಂತೆ ಸಲ್ಲಬೇಕಾಗಿದ್ದ ತೆರಿಗೆಗೆ ಮಾತ್ರ. ಅದೂ ಆ ಆದಾಯದ ಮೇಲಿನ ಭಾರತೀಯ ತೆರಿಗೆಯ ಮಿತಿಯೊಳಗೆ. ಆ ಎಂಜಿನಿಯರು 2,386 ಪೌಂಡ್‌ಗೆ ಜಮೆ ಕೇಳಬಹುದೇ ಹೊರತು, ಕಡಿತವಾದ 3,433.50 ಪೌಂಡ್‌ಗೆ ಅಲ್ಲ. ಅಂದರೆ ಅಲ್ಲಿ ಕೇಳದೆ ಬಿಟ್ಟ ಹಣವನ್ನು ಇಲ್ಲಿ ಸರಿದೂಗಿಸಿಕೊಳ್ಳಲು ಬರುವುದಿಲ್ಲ. 2025–26ನೇ ಸಾಲಿನ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯಿಸುವುದರಿಂದ, ಜಮೆಗಾಗಿ ‘67’ನೇ ನಮೂನೆಯನ್ನು ವಿವರಣ ಪತ್ರದ ಜೊತೆಗೆ ಸಲ್ಲಿಸಬೇಕಾಗುತ್ತದೆ. ಮರುಪಾವತಿಗಾಗಿ ಉಳಿಸಿಕೊಂಡ ವಿದೇಶಿ ಬ್ಯಾಂಕ್ ಖಾತೆಯನ್ನು, ಸಾಮಾನ್ಯ ನಿವಾಸಿಯಾದವರು ವಿವರಣ ಪತ್ರದ ವಿದೇಶಿ ಆಸ್ತಿ ಅನುಸೂಚಿಯಲ್ಲಿ ತೋರಿಸತಕ್ಕದ್ದು.

ಮರುಪಾವತಿ ಯಾರಿಗೆ ಸೇರಿದ್ದು

ಕೆಲವು ಸಂಸ್ಥೆಗಳು ನಿಯೋಜನೆಯ ಅವಧಿಯಲ್ಲಿ ವಿದೇಶಿ ತೆರಿಗೆಯನ್ನು ತಾವೇ ಭರಿಸುವ ಕರಾರು ಮಾಡಿಕೊಂಡಿರುತ್ತವೆ. ಅಂಥಲ್ಲಿ ಉದ್ಯೋಗಿಯ ಹೆಸರಿಗೆ ಬಂದ ಮರುಪಾವತಿಯನ್ನು ಕರಾರಿನಂತೆ ಸಂಸ್ಥೆಗೆ ಹಿಂದಿರುಗಿಸಬೇಕಾಗಬಹುದು. ನಿಯೋಜನಾ ಪತ್ರವನ್ನು ಮೊದಲೇ ಓದಿಕೊಂಡಲ್ಲಿ ಮುಂದಿನ ವಿವಾದ ತಪ್ಪುತ್ತದೆ.

ಮಧ್ಯವರ್ತಿಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಮರುಪಾವತಿಯ ಹಕ್ಕನ್ನೇ ತಮ್ಮ ಹೆಸರಿಗೆ ಬರೆಸಿಕೊಳ್ಳುವ ಪದ್ಧತಿಯನ್ನು ಬ್ರಿಟನ್ 2023ರಲ್ಲಿ ಕಾನೂನಿನ ಮೂಲಕ ಅಸಿಂಧುಗೊಳಿಸಿತು. ಮರುಪಾವತಿ ಮಂಜೂರಾಗಿದೆಯೆಂದು ಇ-ಮೇಲ್ ಮೂಲಕ ತಿಳಿಸಿ ಬ್ಯಾಂಕ್ ವಿವರ ಕೇಳುವ ಸಂದೇಶಗಳು ಅಲ್ಲಿನ ಇಲಾಖೆಯಿಂದ ಬಂದವುಗಳಲ್ಲ.

ಹೊರಡುವ ಮುನ್ನ ಗಮನಿಸಬೇಕಾದ ಅಂಶಗಳು

1. ಎಲ್ಲ ವೇತನ ಚೀಟಿಗಳು ಹಾಗೂ ಪಿ-45 ನಮೂನೆಯನ್ನು ಪಡೆದುಕೊಳ್ಳುವುದು. ಏಪ್ರಿಲ್ 5ರಂದು ಕೆಲಸದಲ್ಲಿದ್ದವರು ಆ ವರ್ಷದ ಪಿ-60 ನಮೂನೆಯನ್ನೂ ಪಡೆಯುವುದು.
2. ಪ್ರತಿ ದೇಶದಲ್ಲಿದ್ದ ದಿನಗಳ ಲೆಕ್ಕವನ್ನು ಪಾಸ್‌ಪೋರ್ಟ್ ಹಾಗೂ ಪ್ರಯಾಣದ ದಾಖಲೆಗಳೊಂದಿಗೆ ಇಟ್ಟುಕೊಳ್ಳುವುದು.
3. ತೆರಿಗೆ ಮತ್ತು ಸಾಮಾಜಿಕ ಭದ್ರತಾ ವಂತಿಗೆಗಳ ಮೊತ್ತವನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳುವುದು.
4. ಭಾರತದ ವಿಳಾಸವನ್ನು ತೆರಿಗೆ ಇಲಾಖೆಗೂ ಮಾಲೀಕರಿಗೂ ತಿಳಿಸುವುದು. ಮರುಪಾವತಿ ಕೈಸೇರುವವರೆಗೆ ಬ್ಯಾಂಕ್ ಖಾತೆಯನ್ನು ಮುಚ್ಚದಿರುವುದು.
5. ಭಾರತದಲ್ಲಿ ಜಮೆ ಕೋರುವ ಮುನ್ನ ವಿದೇಶದ ಅಂತಿಮ ತೆರಿಗೆ ಎಷ್ಟೆಂಬುದನ್ನು ನಿರ್ಧರಿಸಿಕೊಳ್ಳುವುದು.

ಉಪಸಂಹಾರ

ಎರಡು ಸರ್ಕಾರಗಳ ನಡುವಣ ಒಪ್ಪಂದಗಳು ಒಂದೇ ಆದಾಯದ ಮೇಲೆ ಎರಡು ಬಾರಿ ತೆರಿಗೆ ಬೀಳದಂತೆ ನೋಡಿಕೊಳ್ಳಬಲ್ಲವು. ಆದರೆ ಒಂದು ದೇಶದಲ್ಲಿ ಹೆಚ್ಚಾಗಿ ಕಡಿತವಾದುದನ್ನು ಇನ್ನೊಂದು ದೇಶವು ತುಂಬಿಕೊಡುವುದಿಲ್ಲ. ಅದನ್ನು ಕಡಿತವಾದಲ್ಲಿಯೇ, ಅವಧಿಯೊಳಗೆ, ದಾಖಲೆಯೊಂದಿಗೆ ಕೇಳಿ ಪಡೆಯಬೇಕು. ಏಳು ತಿಂಗಳ ದುಡಿಮೆಯಲ್ಲಿ ಒಂದು ಸಾವಿರ ಪೌಂಡ್‌ಗೂ ಮೀರಿದ ಹಣ ಹೀಗೆ ಉಳಿದುಹೋಗುವ ಸಾಧ್ಯತೆ ಇರುವಾಗ, ಮರಳುವ ಉದ್ಯೋಗಿಯು ಪ್ರಯಾಣದ ಸಿದ್ಧತೆಯಷ್ಟೇ ಶ್ರದ್ಧೆಯನ್ನು ಈ ಲೆಕ್ಕಕ್ಕೂ ನೀಡುವುದು ಹಿತಕರ.

ಸೂಚನೆ: ಈ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ದರಗಳು ಹಾಗೂ ಮಿತಿಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಕೋರಿಕೆ ಸಲ್ಲಿಸುವ ಮುನ್ನ ಆಯಾ ದೇಶದ ತೆರಿಗೆ ಇಲಾಖೆಯ ನಿಯಮಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು.