ತಂಪು ಮೊದಲು ಮಾಡಿನಿಂದ, ಮತ್ತೆ ಯಂತ್ರದಿಂದ



ಕಳೆದ ಎಪ್ರಿಲ್ ತಿಂಗಳಲ್ಲಿ ಅಸ್ವಸ್ಥರಿಗೆ ಪರಮಪ್ರಸಾದ ಕೊಡಲು ಒಂದು ಮನೆಗೆ ಹೋಗಿದ್ದೆ. ಮಗ ಗಲ್ಫಿನಲ್ಲಿ ದುಡಿದು ಕಟ್ಟಿಸಿದ ಹೊಸ ತಾರಸಿ ಮನೆ. ಹಾಸಿಗೆ ಹಿಡಿದ ಅಜ್ಜಿಯನ್ನು ಪಶ್ಚಿಮ ಬದಿಯ ಕೋಣೆಯಲ್ಲಿ ಮಲಗಿಸಿದ್ದರು. ಫ್ಯಾನು ತಿರುಗುತ್ತಿತ್ತು, ಬರುತ್ತಿದ್ದುದು ಬಿಸಿಗಾಳಿ. "ಫಾದರ್, ನನ್ನನ್ನು ಹಳೆಯ ಅಡಿಗೆಕೋಣೆಯಲ್ಲಾದರೂ ಮಲಗಿಸಲು ಹೇಳಿ. ಅಲ್ಲಿ ಹಂಚಿನ ಮಾಡು ಉಂಟು, ರಾತ್ರಿ ಸ್ವಲ್ಪ ನಿದ್ದೆ ಬರುತ್ತದೆ" ಎಂದರು. ಸೊಸೆಯ ಕಣ್ಣಲ್ಲಿ ನೀರು. ಏಸಿ ಹಾಕಿಸೋಣವೆಂದರೆ ಕರೆಂಟು ಬಿಲ್ಲಿನ ಭಯ.

ಅಜ್ಜಿಯ ಮಾತಿನಲ್ಲಿ ಸತ್ಯವಿದೆ. ತಾರಸಿಯು ಹಗಲಿಡೀ ಹೀರಿದ ಬಿಸಿಲನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಹಂಚು ತೆಳುವಾದುದು, ಸಂಜೆಯಾಗುತ್ತಲೇ ತಣಿಯುತ್ತದೆ. ಸಂದುಗಳಿಂದ ಬಿಸಿಗಾಳಿಯೂ ಮೇಲೇರಿ ಹೋಗುತ್ತದೆ. ನಮ್ಮ ಕಾಸರಗೋಡಿನ ಸೆಕೆಯಲ್ಲಿ ಬೆವರು ಬೇಗ ಆರುವುದಿಲ್ಲ. ರಾತ್ರಿಯೂ ದೇಹ ತಣಿಯದಿದ್ದರೆ ಮುದುಕರಿಗೆ, ಎಳೆಮಕ್ಕಳಿಗೆ, ಹೃದಯ ಮತ್ತು ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಅಪಾಯ. ಆದುದರಿಂದ ಇದು ಬರೀ ಸುಖದ ವಿಷಯವಲ್ಲ, ಆರೋಗ್ಯದ ವಿಷಯ.

ಈ ಸಂಗತಿ ಮಾತಾಡುವಾಗ ನಮ್ಮ ಯುವಕನೊಬ್ಬ ಕೇಳಿದ: "ಫಾದರ್, ವಿದೇಶದಲ್ಲಿ ನೆಲದೊಳಗಿನ ಶಾಖದಿಂದಲೇ ಮನೆಯನ್ನು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪಾಗಿ ಇಡುತ್ತಾರಂತೆ. ನಮಗೂ ಆಗಲಿಕ್ಕಿಲ್ಲವೇ?" ಒಳ್ಳೆಯ ಪ್ರಶ್ನೆ. ನಮ್ಮ ಹಿರಿಯರು ಗುಡ್ಡ ಕೊರೆದು ಮಾಡಿದ ನೀರಿನ ಸುರಂಗದೊಳಗೆ ಎಪ್ರಿಲ್ ಮಧ್ಯಾಹ್ನ ಹೊಕ್ಕವರಿಗೆ ಆ ತಂಪು ಗೊತ್ತು. ನೆಲದ ಆಳಕ್ಕೆ ಹೋದಂತೆ ಬೇಸಿಗೆ, ಮಳೆಗಾಲಗಳ ವ್ಯತ್ಯಾಸ ತಟ್ಟುವುದಿಲ್ಲ. ಆ ಊರಿನ ವರ್ಷದ ಸರಾಸರಿ ಶಾಖವೇ ಅಲ್ಲಿ ನಿಂತಿರುತ್ತದೆ.

ಐಸ್‌ಲ್ಯಾಂಡಿನಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳು ಭೂಶಾಖದ ಬಿಸಿನೀರಿನಿಂದಲೇ ಬೆಚ್ಚಗಿರುತ್ತವೆ. ಯುರೋಪಿನ ಇತರ ಚಳಿದೇಶಗಳಲ್ಲಿ ನೆಲದೊಳಗೆ ಕೊಳವೆ ಹೂತು, ಹೀಟ್ ಪಂಪ್ ಎಂಬ ಯಂತ್ರದಿಂದ ಶಾಖ ಎತ್ತುತ್ತಾರೆ. ಒಂದು ಯೂನಿಟ್ ಕರೆಂಟಿಗೆ ಮೂರು ನಾಲ್ಕು ಯೂನಿಟಿನಷ್ಟು ಶಾಖ ಸಿಗುತ್ತದೆ. ಬೇಸಿಗೆಯಲ್ಲಿ ಮನೆಯ ಬಿಸಿಯನ್ನು ಅದೇ ನೆಲಕ್ಕೆ ಬಿಡಬಹುದು. ಅಲ್ಲಿಯ ನೆಲ ಸುಮಾರು 10 ಡಿಗ್ರಿಯಷ್ಟು ತಂಪು. ನಮ್ಮದೋ 27 ಡಿಗ್ರಿಯ ಆಸುಪಾಸು. ಇಲ್ಲಿ ಚಳಿ ಕಾಯಿಸುವ ಅಗತ್ಯವೂ ಇಲ್ಲ. ಸಿಗುವ ಅಲ್ಪ ತಂಪಿಗಾಗಿ ಕೊಳವೆಬಾವಿ ತೋಡುವ ಖರ್ಚು ಕೃಷಿಕನಿಗೆ ಹೊರೆ. ನೆಲದ ಕೊಳವೆಯಲ್ಲಿ ಗಾಳಿ ಹಾಯಿಸಿದರೆ ನಮ್ಮ ತೇವದ ಹವೆಗೆ ಬೂಸಲು ಹಿಡಿಯುವ ಭಯ ಬೇರೆ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಆ ವಿದ್ಯೆ ಅವರಿಗೆ ಸರಿ, ನಮಗೆ ಸದ್ಯಕ್ಕೆ ಬೇಡ.

ಸೂರ್ಯನ ಮಾತು ಬೇರೆ. ಕೊಚ್ಚಿಯ ವಿಮಾನ ನಿಲ್ದಾಣ 2015ರಿಂದಲೇ ಸೌರಶಕ್ತಿಯಿಂದ ನಡೆಯುತ್ತಿದೆ. ಮನೆಯ ಮೇಲೆ ಒಂದು ಕಿಲೋವಾಟ್ ಫಲಕ ಹಾಕಲು ಸುಮಾರು 100 ಚದರಡಿ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ, ಮಳೆಗಾಲದಲ್ಲಿ ಕಡಿಮೆ. ಕೇಂದ್ರ ಸರಕಾರ 2024ರಲ್ಲಿ ಆರಂಭಿಸಿದ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವಾಟಿಗೆ ರೂ. 78,000 ಸಹಾಯಧನವಿದೆ. ಫಲಕದ ನೆರಳಿನಿಂದ ತಾರಸಿಯೂ ತಣಿಯುತ್ತದೆ. ಆದರೆ ತೆಂಗಿನ ಮರದ ನೆರಳು ಅದರ ಮೇಲೆ ಬೀಳಬಾರದು.

ಆದರೂ ಮೊದಲೇ ಫಲಕ, ಏಸಿ ಎಂದು ಸಾಲ ಮಾಡಬೇಡಿ. ತೂತಿನ ಕೊಡಕ್ಕೆ ನೀರು ತುಂಬಿದಂತಾದೀತು. ಮೊದಲು ಬಿಸಿಲು ಒಳಗೆ ಬಾರದಂತೆ ಮಾಡಿ. ಮಲಗುವ ಕೋಣೆಯ ಮೇಲಿನ ತಾರಸಿಗೆ ಬಿಳಿ ಸುಣ್ಣ ಬಳಿಯಿರಿ, ಇಲ್ಲವೆ ಮಡಲಿನ ಚಪ್ಪರ ಹಾಕಿ. ಪಶ್ಚಿಮ ಗೋಡೆಗೆ ಬಾಳೆ ಅಥವಾ ಬಸಳೆ ಚಪ್ಪರ ನೆರಳಾಗಲಿ. ಎದುರುಬದುರು ಕಿಟಕಿಗಳನ್ನು ರಾತ್ರಿ ತೆರೆದಿಡಿ, ಸೊಳ್ಳೆಗೆ ಬಲೆ ಹಾಕಿ. ಹಳೆಯ ಫ್ಯಾನು ಸುಮಾರು 75 ವಾಟ್ ತಿನ್ನುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು.

"ಅಡಿಕೆ ಒಣಗಿಸಲೆಂದೇ ತಾರಸಿ ಹಾಕಿದ್ದಲ್ಲವೇ ಫಾದರ್?" ಎನ್ನುವವರಿದ್ದಾರೆ. ಒಪ್ಪುತ್ತೇನೆ. ಚಾವಡಿಯ ಮೇಲೆ ಅಡಿಕೆ ಒಣಗಲಿ, ಮಲಗುವ ಕೋಣೆಯ ಮೇಲೆ ನೆರಳಿರಲಿ. ಹೊಸದಾಗಿ ಕಟ್ಟುವವರು ಲಾರಿ ಬೇಕರ್ ಅವರು ಕೇರಳದಲ್ಲಿ ಮಾಡಿ ತೋರಿಸಿದಂತೆ ತಾರಸಿಯ ಕಾಂಕ್ರೀಟಿನ ನಡುವೆ ಹಂಚು ಇಡುವ ಕ್ರಮವನ್ನು ವಿಚಾರಿಸಿ. ಸಿಮೆಂಟು, ಕಬ್ಬಿಣ ಉಳಿಯುತ್ತದೆ, ಬಿಸಿಯೂ ಕಡಿಮೆ.

ಉಪದೇಶ ಮಾಡುವ ನಾನೂ ತಪ್ಪಿದವನೇ. ನಮ್ಮ ಗುರುನಿವಾಸದ ಹಿಂಬದಿಯ ಹಂಚು ತೆಗೆಸಿ ತಾರಸಿ ಹಾಕಿಸಿದವನು ನಾನು. ಎರಡು ಬೇಸಿಗೆ ಬೆವರಿದ ಮೇಲೆ ಸುಣ್ಣ ಬಳಿಸಿ ಚಪ್ಪರ ಹಾಕಿಸಿದೆ. ಈಗ ನಿದ್ದೆ ಬರುತ್ತದೆ.

ಅಜ್ಜಿಯನ್ನು ಆ ಸಂಜೆಯೇ ಹಳೆಯ ಕೋಣೆಗೆ ತಂದರು. ಮಳೆ ಮುಗಿದ ಮೇಲೆ ಆ ಕೋಣೆಯನ್ನು ಕೆಡವಿ ಕಾರು ನಿಲ್ಲಿಸುವ ಶೆಡ್ ಕಟ್ಟುವ ಯೋಚನೆ ಮನೆಯವರಿಗಿತ್ತು. ಈಗ ಬಿಟ್ಟಿದ್ದಾರೆ. ನಿಮ್ಮ ಮನೆಯಲ್ಲೂ ಅಂಥ ಹಂಚಿನ ಕೋಣೆ ಉಳಿದಿದ್ದರೆ, ಕೆಡವುವ ಮುಂಚೆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ.