ಕಾಮರ್ಸ್‌ನವರಿಗೆ ಪದ್ಯ ಯಾಕೆ?

"ಕಾಮರ್ಸ್ ತಗೊಂಡವರಿಗೆ ಈ ಕಥೆ, ಪದ್ಯ ಎಲ್ಲ ಯಾಕೆ? ಒಂದು ಅರ್ಜಿ ಬರೆಯೋಕೆ, ಇಂಟರ್‌ವ್ಯೂನಲ್ಲಿ ನಾಲ್ಕು ಮಾತಾಡೋಕೆ ಇಂಗ್ಲಿಷ್ ಬಂದರೆ ಸಾಕಲ್ಲ?" ನಮ್ಮ ಕಾಲೇಜಿನಲ್ಲಿ ಈ ಮಾತು ಕೇಳದವರು ಯಾರೂ ಇರಲಿಕ್ಕಿಲ್ಲ. ಪ್ರಥಮ ಪಿಯುಸಿಯಲ್ಲಿ ಇಂಗ್ಲಿಷ್ ಪೀರಿಯಡ್ ಬಂದಾಗಲೆಲ್ಲ ಹಿಂದಿನ ಬೆಂಚಿನಿಂದ ಇದು ಬರುತ್ತಿತ್ತು. ನೆಂಟರ ಮನೆಯಲ್ಲಿ ಕೇಳುತ್ತಾರೆ, ಬಸ್ಸಿನಲ್ಲೂ ಕೇಳುತ್ತಾರೆ. ಕೇಳುವವರು ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಫೀಸು ಕಟ್ಟುವುದು ಕಷ್ಟ, ಕೆಲಸ ಸಿಗುವುದು ಇನ್ನೂ ಕಷ್ಟ. ಹಾಗಾಗಿ ಕಲಿಯುವ ಪ್ರತಿಯೊಂದಕ್ಕೂ ಲೆಕ್ಕ ಕೇಳುತ್ತಾರೆ. ನಾನೂ ಕಾಮರ್ಸ್ ವಿದ್ಯಾರ್ಥಿನಿ, ಆದ್ದರಿಂದ ಲೆಕ್ಕ ಕೊಡಲು ನನಗೇನೂ ಬೇಸರವಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷ್ ಪುಸ್ತಕದ ಕಥೆ, ಪದ್ಯಗಳು ನಮಗೆ ಬೇಕು. ಆದರೆ ಅವು ನಮ್ಮೊಳಗೆ ಇಳಿಯಬೇಕಾದರೆ ಕ್ಲಾಸಿನಲ್ಲಿ ಉರ್ದುವಿಗೂ ಕನ್ನಡಕ್ಕೂ ಜಾಗ ಇರಬೇಕು. ಈಗ ಆ ಜಾಗವನ್ನು ಗೈಡ್ ಹಿಡಿದುಕೊಂಡಿದೆ.

ನಾನು ಹಚ್ಚೊಳ್ಳಿಯವಳು. ಮನೆಯಲ್ಲಿ ಉರ್ದು, ಅದೂ ನಮ್ಮ ಕಡೆಯ ದಖನಿ, "ನಕ್ಕೊ", "ಕೈಕು" ಅನ್ನುವ ಉರ್ದು. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಸಂತೆಗೆ ಹೋದರೆ ತೆಲುಗೂ ಕಿವಿಗೆ ಬೀಳುತ್ತದೆ. ಪಿಯುಸಿಗೆ ಬಂದಾಗ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲ ಒಮ್ಮೆಲೇ ಇಂಗ್ಲಿಷಿಗೆ ತಿರುಗಿದವು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕಥೆ ಇದೇ. ಅಂಥವರ ಕೈಗೆ ವಿಲಿಯಂ ಬ್ಲೇಕ್‌ನ "ದಿ ಸ್ಕೂಲ್ ಬಾಯ್" ಪದ್ಯ ಬರುತ್ತದೆ. ಬೇಸಿಗೆಯ ಬೆಳಗು ಎಷ್ಟು ಚೆಂದ, ಅಂಥ ಬೆಳಗಿನಲ್ಲಿ ಶಾಲೆಗೆ ಹೋಗುವುದು ಎಂಥ ಶಿಕ್ಷೆ ಎಂದು ಅದರಲ್ಲಿ ಒಬ್ಬ ಹುಡುಗ ಕೊರಗುತ್ತಾನೆ. ಬಳ್ಳಾರಿ ಜಿಲ್ಲೆಯ ಬೇಸಿಗೆಯಲ್ಲಿ ಬೆಳೆದ ನಮಗೆ ಇದು ವಿಚಿತ್ರ. ಇಲ್ಲಿ ಏಪ್ರಿಲ್ ತಿಂಗಳಲ್ಲಿ ಒಂಬತ್ತು ಗಂಟೆಗೇ ನೆರಳು ಹುಡುಕುತ್ತೇವೆ. ಇಂಗ್ಲೆಂಡಿನಲ್ಲಿ ಚಳಿಗಾಲ ದೀರ್ಘ, ಬಿಸಿಲು ಅಪರೂಪ, ಆದ್ದರಿಂದ ಅವರಿಗೆ ಬೇಸಿಗೆ ಅಂದರೆ ನಮಗೆ ಮೊದಲ ಮಳೆ ಬಂದ ಹಾಗೆ. ಇದನ್ನು ಯಾರಾದರೂ ಕನ್ನಡದಲ್ಲಿ ಎರಡು ನಿಮಿಷ ಹೇಳಿದರೆ ಪದ್ಯ ತಾನಾಗಿ ತೆರೆದುಕೊಳ್ಳುತ್ತದೆ. ಹೇಳದಿದ್ದರೆ ನಾವು "ಸಮ್ಮರ್ ಮಾರ್ನಿಂಗ್ ಈಸ್ ಬ್ಯೂಟಿಫುಲ್" ಎಂದು ಬಾಯಿಪಾಠ ಮಾಡಿ, ಒಳಗೊಳಗೇ ನಗುತ್ತೇವೆ.

ಈಗ ಕಾಮರ್ಸ್ ವಿಷಯಕ್ಕೆ ಬರುತ್ತೇನೆ. ಅದೇ ಪುಸ್ತಕದಲ್ಲಿ ಡಿ. ಎಚ್. ಲಾರೆನ್ಸ್ ಬರೆದ "ಮನಿ ಮ್ಯಾಡ್ನೆಸ್" ಎಂಬ ಪದ್ಯವಿದೆ. ಅದು 1929ರಲ್ಲಿ ಬಂದ ಅವನ "ಪ್ಯಾನ್ಸೀಸ್" ಎಂಬ ಸಂಕಲನದ ಪದ್ಯ. ದುಡ್ಡಿನ ಹುಚ್ಚು ಒಬ್ಬಿಬ್ಬರದಲ್ಲ, ಇಡೀ ಸಮಾಜದ್ದು ಎನ್ನುತ್ತಾನೆ ಕವಿ. ನೋಟು ದೊಡ್ಡದಾದಷ್ಟೂ ಕೊಡುವ ಕೈ ಹೆಚ್ಚು ನಡುಗುತ್ತದೆ, ಮನುಷ್ಯನ ಬೆಲೆಯನ್ನು ಅವನ ಹಣದಿಂದ ಅಳೆಯುತ್ತಾರೆ ಎನ್ನುತ್ತಾನೆ. ಅನ್ನ, ಸೂರು, ಬೆಂಕಿ ಎಲ್ಲರಿಗೂ ಬಿಟ್ಟಿಯಾಗಿ ಸಿಗಬೇಕು ಎಂದೂ ಕೇಳುತ್ತಾನೆ. ಲೆಕ್ಕಶಾಸ್ತ್ರದಲ್ಲಿ ನಾವು ಒಂದು ಮೂಲ ನಿಯಮ ಕಲಿತಿದ್ದೇವೆ: ಹಣದಲ್ಲಿ ಅಳೆಯಲು ಆಗುವುದನ್ನು ಮಾತ್ರ ಪುಸ್ತಕದಲ್ಲಿ ಬರೆಯಬೇಕು. ಕೆಲಸಗಾರರ ಪ್ರಾಮಾಣಿಕತೆ, ಮಾಲೀಕರ ಒಳ್ಳೆಯತನ ಎಷ್ಟೇ ಇದ್ದರೂ ಬ್ಯಾಲೆನ್ಸ್ ಶೀಟಿಗೆ ಬರುವುದಿಲ್ಲ. ಈ ನಿಯಮಕ್ಕೆ ಒಂದು ಮಿತಿ ಇದೆ ಎಂದು ಲೆಕ್ಕಶಾಸ್ತ್ರದ ಪುಸ್ತಕವೇ ಒಪ್ಪಿಕೊಂಡು ಮುಂದೆ ಹೋಗುತ್ತದೆ. ಲಾರೆನ್ಸ್ ಅಲ್ಲೇ ನಿಂತುಬಿಡುತ್ತಾನೆ.

ನಮ್ಮ ಅಬ್ಬಾ ಕಿರಾಣಿ ಅಂಗಡಿ ಇಟ್ಟಿದ್ದಾರೆ. ಅವರ ಉದ್ರಿ ಪುಸ್ತಕದಲ್ಲಿ ಹೆಸರು, ಸಾಮಾನು, ಬಾಕಿ ಇರುತ್ತದೆ. ಭತ್ತ ಮಾರಿದ ಮೇಲೆ ಕೊಡುತ್ತೇವೆ ಎಂದು ಜನ ಒಯ್ಯುತ್ತಾರೆ. ಯಾರಿಗೆ ಕೊಡಬಹುದು, ಯಾರ ಮನೆಯಲ್ಲಿ ಈ ವರ್ಷ ಕಾಯಿಲೆ ಇದೆ, ಯಾರನ್ನು ಕೇಳಬಾರದು, ಇದೆಲ್ಲ ಆ ಪುಸ್ತಕದಲ್ಲಿಲ್ಲ, ಅಬ್ಬಾನ ತಲೆಯಲ್ಲಿದೆ. ಅಂಗಡಿ ನಡೆಯುವುದು ಎರಡರಿಂದಲೂ. ಆ ಪದ್ಯ ಓದಿದ ಮೇಲೆ ನಾನು ಲೆಕ್ಕಶಾಸ್ತ್ರದ ಆ ನಿಯಮವನ್ನು ಇನ್ನೂ ಚೆನ್ನಾಗಿ ಅರ್ಥ ಮಾಡಿಕೊಂಡೆ. ನಾಳೆ ನಮ್ಮಲ್ಲಿ ಯಾರಾದರೂ ಬ್ಯಾಂಕಿನಲ್ಲಿ ಕೂತು ಸಾಲದ ಅರ್ಜಿ ನೋಡಬಹುದು, ಲೆಕ್ಕ ಪರಿಶೋಧಕರಾಗಬಹುದು. ಅಂಕಿಗಳು ಏನನ್ನು ಹೇಳುವುದಿಲ್ಲ ಎಂಬುದು ಅವರಿಗೆ ಗೊತ್ತಿರಬೇಕಲ್ಲವೇ?

ವೈಕಂ ಮುಹಮ್ಮದ್ ಬಷೀರ್ ಅವರ "ಒರು ಮನುಷ್ಯನ್" ಕಥೆ ಮಲಯಾಳಂನಿಂದ ಬಂದದ್ದು. ಊರಿನಿಂದ ಬಹಳ ದೂರದ ಒಂದು ನಗರದಲ್ಲಿ ಒಬ್ಬ ವಲಸೆ ಕೂಲಿಕಾರರಿಗೆ ರಾತ್ರಿ ಇಂಗ್ಲಿಷ್ ಕಲಿಸುತ್ತಿರುತ್ತಾನೆ. ಇಂಗ್ಲಿಷಿನಲ್ಲಿ ವಿಳಾಸ ಬರೆಯಲು ಕಲಿಯುವುದೇ ಅಲ್ಲಿ ದೊಡ್ಡ ವಿದ್ಯೆ. ಒಂದು ದಿನ ಹೋಟೆಲಿನಲ್ಲಿ ಊಟ ಮಾಡಿ ನೋಡಿದರೆ ಜೇಬಿನಲ್ಲಿ ಪರ್ಸ್ ಇಲ್ಲ. ಬಿಲ್ಲು ಹನ್ನೊಂದು ಆಣೆ. ಮಾಲೀಕ ಎಲ್ಲರೆದುರು ಅವನ ಬಟ್ಟೆ ಬಿಚ್ಚಿಸಲು ನಿಲ್ಲುತ್ತಾನೆ. ಆಗ ಒಬ್ಬ ಅಪರಿಚಿತ ಎದ್ದು ಬಂದು ದುಡ್ಡು ಕೊಟ್ಟು ಬಿಡಿಸುತ್ತಾನೆ. ಆಮೇಲೆ ಜನರಿಲ್ಲದ ಕಡೆ ಕರೆದೊಯ್ದು ಹಲವು ಪರ್ಸುಗಳನ್ನು ತೋರಿಸುತ್ತಾನೆ. ಅದರಲ್ಲಿ ಇವನದೂ ಒಂದು! ಬಿಡಿಸಿದವನೇ ಕದ್ದವನು. ಅವನ ಹೆಸರು ಕಥೆ ಹೇಳುವವನಿಗೂ ಗೊತ್ತಿಲ್ಲ, ನಮಗೂ ಗೊತ್ತಾಗುವುದಿಲ್ಲ.

ಈ ಪಾಠದ ದಿನ ಮೇಡಂ ನೋಟ್ಸ್ ಕೊಡುವ ಮೊದಲು, "ಅವನು ಒಳ್ಳೆಯವನೋ ಕೆಟ್ಟವನೋ? ಯಾವ ಭಾಷೆಯಲ್ಲಾದರೂ ಹೇಳಿ" ಎಂದರು. ವರ್ಷವಿಡೀ ಬಾಯಿ ಬಿಡದವರೆಲ್ಲ ಮಾತಾಡಿದರು. ಒಬ್ಬ, "ಕಳ್ಳತನ ಒಂದು ಕಡೆ, ಮರ್ಯಾದೆ ಉಳಿಸಿದ್ದು ಇನ್ನೊಂದು ಕಡೆ, ಎರಡೂ ಟ್ಯಾಲಿ ಆಯ್ತು ಮೇಡಂ" ಎಂದ. ಇನ್ನೊಬ್ಬಳು ಎದ್ದು, "ಬಾಕಿ ಪರ್ಸುಗಳು ಯಾರವು? ಅವರ ಮರ್ಯಾದೆ ಹೋಗಿರಲಿಲ್ಲವಾ?" ಎಂದು ಉರ್ದುವಿನಲ್ಲೇ ಕೇಳಿದಳು. ಮತ್ತೊಬ್ಬ, "ಹೋಟೆಲಿನಲ್ಲಿದ್ದ ಸಾಚಾ ಜನ ಯಾರೂ ಏಳಲಿಲ್ಲ, ಕಳ್ಳ ಎದ್ದ, ಅದನ್ನು ನೋಡಿ" ಎಂದ. ಗಂಟೆ ಹೊಡೆದರೂ ಜಗಳ ನಿಲ್ಲಲಿಲ್ಲ. ಮರುದಿನ ಅದೇ ಮಾತುಗಳನ್ನು ನಮ್ಮ ಮುರುಕು ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದೆವು. ಗೈಡಿನಲ್ಲಿ ಇದಕ್ಕೆ ಇರುವುದು ಒಂದೇ ಉತ್ತರ: ಅವನು ದಯಾಳು. ಅಷ್ಟೇ. ಅರವತ್ತು ಜನ ಅರವತ್ತು ಪೇಪರಿನಲ್ಲಿ ಅದನ್ನೇ ಬರೆದರೆ, ಓದಿದ್ದು ಯಾರು?

ಫೈಜ್ ಅಹ್ಮದ್ ಫೈಜ್ ಅವರ ಪದ್ಯದ ಬಗ್ಗೆ ಹೇಳದಿದ್ದರೆ ಈ ಲೇಖನ ಪೂರ್ತಿಯಾಗುವುದಿಲ್ಲ. ನಮ್ಮ ಪುಸ್ತಕದಲ್ಲಿ ಅದು "ಡು ನಾಟ್ ಆಸ್ಕ್ ಆಫ್ ಮಿ, ಮೈ ಲವ್" ಎಂಬ ಹೆಸರಿನಲ್ಲಿ ಇಂಗ್ಲಿಷಿನಲ್ಲಿದೆ. ಮೂಲ ಉರ್ದು, 1941ರ "ನಕ್ಷ್-ಎ-ಫರಿಯಾದಿ" ಸಂಕಲನದ್ದು. 1962ರ "ಖೈದಿ" ಚಿತ್ರದಲ್ಲಿ ನೂರ್ ಜಹಾನ್ ಅದನ್ನು ಹಾಡಿದ್ದಾರೆ. ನಾನು ಮನೆಯಲ್ಲಿ ಇಂಗ್ಲಿಷ್ ಪದ್ಯ ಗಟ್ಟಿಯಾಗಿ ಓದುತ್ತಾ, ಅಬ್ಬಾ ಕೇಳಿದರೆಂದು ಅರ್ಥ ಹೇಳಿದೆ. "ಅರೆ, ಇದು ಆ ಹಾಡಲ್ಲವಾ!" ಎಂದು ಅವರು ಮೊಬೈಲಿನಲ್ಲಿ ಹುಡುಕಿ ಹಾಕಿದರು. ದಾದಿಯೂ ಬಂದು ಕೂತರು. ಫೈಜ್‌ರ ಉರ್ದು ನಮ್ಮ ದಖನಿಯಲ್ಲ, ಎಷ್ಟೋ ಪದ ನಮಗೂ ಗೊತ್ತಾಗಲಿಲ್ಲ. ಆದರೆ "ಮೆಹಬೂಬ್" ಗೊತ್ತು, ನಮ್ಮ ಊರಿನಲ್ಲಿ ಆ ಹೆಸರಿನವರು ಬೇಕಾದಷ್ಟು ಜನ! "ಮೈ ಲವ್" ಎಂದು ಓದುವಾಗ ಕ್ಲಾಸಿನಲ್ಲಿ ಹುಡುಗರು ಕಿಸಕ್ಕನೆ ನಗುತ್ತಿದ್ದರು. ಉರ್ದುವಿನಲ್ಲಿ ಕೇಳಿದಾಗ ಯಾರಿಗೂ ನಗು ಬರಲಿಲ್ಲ.

ಲೋಕದಲ್ಲಿ ಇಷ್ಟೊಂದು ಹಸಿವು, ರೋಗ, ಅನ್ಯಾಯ ಇರುವುದನ್ನು ಕಂಡ ಮೇಲೆ ಮೊದಲಿನ ಹಾಗೆ ಬರೀ ನಿನ್ನನ್ನೇ ಪ್ರೀತಿಸುತ್ತಾ ಇರಲಾರೆ ಎಂದು ಕವಿ ಹೇಳುತ್ತಾನೆ. ಯಾಕೆ ಅವನ ಪ್ರೀತಿ ಬದಲಾಯಿತು ಎಂಬ ಪ್ರಶ್ನೆಯನ್ನು ನಾನು ಅಬ್ಬಾಗೆ ಕೇಳಿದೆ. ಅವರು ಉರ್ದುವಿನಲ್ಲಿ ಹೇಳಿದ್ದರ ಅರ್ಥ ಇದು: "ಹೊರಗಿನ ಸಂಕಟ ನೋಡಿ ಬಂದವನು ಮನೆಯಲ್ಲಿ ಕೂತು ನಗುವುದು ಕಷ್ಟ. ಮನೆಯವರ ಮೇಲೆ ಪ್ರೀತಿ ಹೋಗಿದೆ ಅಂತಲ್ಲ." ನಾನು ಅದನ್ನೇ ಇಂಗ್ಲಿಷಿನಲ್ಲಿ ಬರೆದೆ. ಮೇಡಂ ವ್ಯಾಕರಣ ತಿದ್ದಿ, ಉತ್ತರವನ್ನು ಹಾಗೆಯೇ ಬಿಟ್ಟರು. ಆಮೇಲೆ ತಿಳಿದ ಇನ್ನೊಂದು ಸಂಗತಿ ಕಾಮರ್ಸ್‌ನವರಿಗೆ ಖುಷಿ ಕೊಡಬಹುದು. ಫೈಜ್ ಇಂಗ್ಲಿಷ್ ಮತ್ತು ಅರೇಬಿಕ್ ಎರಡರಲ್ಲೂ ಎಂ.ಎ. ಮಾಡಿದವರು, ಅಮೃತಸರದಲ್ಲಿ ಇಂಗ್ಲಿಷ್ ಕಲಿಸಿದವರು, ಆಮೇಲೆ ಲಾಹೋರಿನ ಹೇಲಿ ಕಾಮರ್ಸ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು!

ನಮ್ಮ ನಾಡಿನಲ್ಲೂ ಇಂಥವರು ಇದ್ದಾರೆ. ಬಿ.ಎಂ.ಶ್ರೀಯವರು ಮೈಸೂರಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಇಂಗ್ಲಿಷ್ ಪದ್ಯಗಳನ್ನು "ಇಂಗ್ಲಿಷ್ ಗೀತಗಳು" ಎಂದು ಕನ್ನಡಕ್ಕೆ ತಂದರು, ಕನ್ನಡದ ಹೊಸ ಕಾವ್ಯಕ್ಕೆ ಅದು ದಾರಿಯಾಯಿತು. ಕೆ. ಎಸ್. ನಿಸಾರ್ ಅಹಮದ್ ಅವರ ಮನೆಮಾತು ಉರ್ದು, ಕಾಲೇಜಿನಲ್ಲಿ ಕಲಿಸಿದ್ದು ಭೂವಿಜ್ಞಾನ, ಬರೆದದ್ದು ಕನ್ನಡದಲ್ಲಿ, ಅನುವಾದಿಸಿದ್ದು ಶೇಕ್ಸ್‌ಪಿಯರ್‌ನ "ಒಥೆಲ್ಲೊ". ನಮ್ಮ ಬಳ್ಳಾರಿಯ ರಾಘವರು ವಕೀಲರಾಗಿದ್ದುಕೊಂಡೇ ಶೇಕ್ಸ್‌ಪಿಯರ್ ಪಾತ್ರಗಳನ್ನು ಅಭಿನಯಿಸಿದರು. ಹೊಟ್ಟೆಪಾಡಿಗೆ ಬೇರೆ ವಿದ್ಯೆ ಇದ್ದವರು ಸಾಹಿತ್ಯ ಓದಬಾರದೆಂದು ಇವರಿಗೆ ಯಾರೂ ಹೇಳಲಿಲ್ಲ, ಹೇಳಿದ್ದರೂ ಇವರು ಕೇಳಲಿಲ್ಲ.

ಗೈಡ್ ಬೇಡ ಎಂದು ನಾನು ಹೇಳುತ್ತಿಲ್ಲ. ಸಿಲಬಸ್ ದೊಡ್ಡದು, ದಿನಗಳು ಕಡಿಮೆ, ಪಾಸಾಗುವುದು ಮುಖ್ಯ. ಇದು ಅಧ್ಯಾಪಕರಿಗೂ ಗೊತ್ತು, ನಮಗೂ ಗೊತ್ತು. ಆದರೆ ಗೈಡ್ ನಂಬಿ ಎಲ್ಲರೂ ಪಾಸಾಗುತ್ತಾರೆ ಎಂಬುದೂ ನಿಜವಲ್ಲ. ನನ್ನ ಖಾಲಾ ಮಗಳೊಬ್ಬಳು ಬೇರೆ ಊರಿನ ಕಾಲೇಜಿನಲ್ಲಿ ಓದಿದಳು. ಉಳಿದ ಎಲ್ಲ ವಿಷಯ ಪಾಸು, ಇಂಗ್ಲಿಷ್ ಒಂದೇ ಫೇಲು. ಗೈಡಿನ ಉತ್ತರಗಳೆಲ್ಲ ಬಾಯಿಗೆ ಬರುತ್ತಿದ್ದವು. ಪರೀಕ್ಷೆಯಲ್ಲಿ ಪ್ರಶ್ನೆ ಸ್ವಲ್ಪ ತಿರುಗಿ ಬಂದಿತ್ತು, ಯಾವ ಉತ್ತರ ಯಾವುದಕ್ಕೆ ಎಂದೇ ತಿಳಿಯಲಿಲ್ಲ. ಮರುಪರೀಕ್ಷೆಗೆ ಕೂರಲು ಧೈರ್ಯ ಬರಲಿಲ್ಲ. ಮನೆಯಲ್ಲಿ ಮದುವೆ ಮಾತು ಶುರುವಾಯಿತು. ನಮ್ಮ ಮನೆಗಳಲ್ಲಿ ಒಬ್ಬ ಹುಡುಗಿಯ ಓದು ನಿಲ್ಲಲು ಒಂದು ವಿಷಯ ಸಾಕು. ಅವಳು ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಹೇಳುವ ಕಥೆ ಕೇಳಿದರೆ ದೊಡ್ಡವರೂ ಎದ್ದು ಹೋಗುವುದಿಲ್ಲ. ಕಥೆ ಅರ್ಥವಾಗದ ಹುಡುಗಿ ಅಲ್ಲ ಅವಳು. ಆ ಪಾಠಗಳನ್ನು ಅವಳಿಗೆ ಯಾರೂ ಕಥೆಯಾಗಿ ಹೇಳಿರಲಿಲ್ಲ.

ಆದ್ದರಿಂದ ನಮ್ಮ ಕಾಲೇಜಿನಲ್ಲಿ ಮೂರು ಸಣ್ಣ ಕೆಲಸ ಆಗಲಿ ಎಂದು ಕೇಳಿಕೊಳ್ಳುತ್ತೇನೆ.

ಒಂದು, ನೋಟ್ಸ್ ಕೊಡುವ ಮೊದಲು ಪ್ರತಿ ಪಾಠವನ್ನೂ ಒಮ್ಮೆ ಪೂರ್ತಿ ಗಟ್ಟಿಯಾಗಿ ಓದಬೇಕು, ಹತ್ತು ನಿಮಿಷ ಯಾವ ಭಾಷೆಯಲ್ಲಾದರೂ ಮಾತಾಡಲು ಬಿಡಬೇಕು. ಎರಡು, ಪ್ರತಿ ಪಾಠಕ್ಕೆ ಒಂದೇ ಒಂದು ಉತ್ತರವನ್ನು ನಾವೇ ಬರೆಯಬೇಕು. ಸ್ಪೆಲ್ಲಿಂಗ್ ತಪ್ಪಿದರೆ ತಿದ್ದಿ, ಆದರೆ ಕೆಂಪು ಗೆರೆ ಎಳೆದು ಅಳಿಸಬೇಡಿ. ಮೂರು, ವರ್ಷಕ್ಕೆ ಎರಡು ಸಲ ಭಾಷಾ ವಿಭಾಗದವರು ಸೇರಿ ಪಾಠ ಮಾಡಲಿ. ಫೈಜ್ ಪದ್ಯದ ದಿನ ಉರ್ದು ಸರ್ ಮೂಲ ಓದಲಿ, ಇಂಗ್ಲಿಷ್ ಮೇಡಂ ಅನುವಾದ ಓದಲಿ. ಮೂಡ್ನಾಕೂಡು ಚಿನ್ನಸ್ವಾಮಿಯವರ "ಇಫ್ ಐ ವಾಸ್ ಎ ಟ್ರೀ" ಕನ್ನಡದಿಂದ ಹೋದ ಪದ್ಯ. ಗೂಡು ಕಟ್ಟುವ ಹಕ್ಕಿ ಮರದ ಜಾತಿ ಕೇಳುವುದಿಲ್ಲ ಎಂಬ ಆ ಪದ್ಯದ ದಿನ ಕನ್ನಡ ಸರ್ ಬರಲಿ. ಇದಕ್ಕೆ ಹಣ ಬೇಕಿಲ್ಲ, ಟೈಮ್‌ಟೇಬಲ್ಲಿನಲ್ಲಿ ಎರಡು ಪೀರಿಯಡ್ ಸಾಕು.

ಗೆಳೆಯ ಗೆಳತಿಯರಿಗೂ ಒಂದು ಮಾತು. ಈ ವರ್ಷ ಪ್ರಥಮ ಪಿಯುಸಿಗೆ ಬಂದವರು ಗೈಡ್ ಕೊಳ್ಳಿ, ತಪ್ಪಿಲ್ಲ. ಆದರೆ ತೆರೆಯುವ ಮೊದಲು ಪಾಠವನ್ನು ಮನೆಯಲ್ಲಿ ಯಾರಿಗಾದರೂ ನಿಮ್ಮ ಭಾಷೆಯಲ್ಲಿ ಹೇಳಿ ನೋಡಿ. ಅಮ್ಮಿ ರೊಟ್ಟಿ ಮಾಡುವಾಗ ಹೇಳಿ. ಅವರು ಕೇಳುವ ಮೊದಲ ಪ್ರಶ್ನೆಯನ್ನು ಬರೆದಿಟ್ಟುಕೊಂಡು ಮರುದಿನ ಕ್ಲಾಸಿಗೆ ತನ್ನಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ